ಎಸ್.ಜಿ. ಪಾಳ್ಯದ ಕಂಬಳದಣ್ಣ

ಕಂಬಳದಲ್ಲಿ ಮೂರು ಬಗೆಯ ಜನ ಇರುತ್ತಾರೆಂದು ಲೋಕ ನಂಬಿದೆ. ಕೋಣ ಸಾಕುವ ಯಜಮಾನರು, ಕೋಣ ಓಡಿಸುವವರು, ಗದ್ದೆಯ ಬದಿಯಲ್ಲಿ ನಿಂತು ನೋಡುವವರು. ನಾಲ್ಕನೆಯ ಬಗೆಯವರನ್ನು ಕಾಣಬೇಕಾದರೆ ಸುದ್ದಗುಂಟೆಪಾಳ್ಯಕ್ಕೆ ಬರಬೇಕು. ಇವರು ಗದ್ದೆಯಿಂದ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರದಲ್ಲಿ, ಘಟ್ಟದ ಮೇಲೆ, ಗಲ್ಲಾಪೆಟ್ಟಿಗೆಯ ಹಿಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೋಣ ಓಡಿಸುತ್ತಾರೆ.

ತಾವರೆಕೆರೆ ಮುಖ್ಯರಸ್ತೆಯಿಂದ ಒಳಗೆ ತಿರುಗಿ ಎರಡು ಪಿಜಿ, ಒಂದು ಜೆರಾಕ್ಸ್ ಅಂಗಡಿ, ಮತ್ತೆ ಮೂರು ಪಿಜಿ ದಾಟಿದರೆ ಇವರ ಹೋಟೆಲು. ಕುಚ್ಚಲಕ್ಕಿ ಅನ್ನ, ಬಂಗುಡೆ ಫ್ರೈ, ನೀರುದೋಸೆ, ಸಂಜೆಗೆ ಗೋಳಿಬಜೆ. ಉಣ್ಣಲು ಬರುವ ಕ್ರೈಸ್ಟ್ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರಿಗೆ ಇವರು ‘ಅಂಕಲ್’. ಪಾಳ್ಯದ ಹಳಬರಿಗೆ ‘ಕಂಬಳದಣ್ಣ’. ನಿಜವಾದ ಹೆಸರು ಇಲ್ಲಿ ಬೇಡ. ಕಾರ್ಕಳ, ಮೂಡುಬಿದಿರೆ ಕಡೆಯಿಂದ ಬಂದವರು ಇರುವ ಬೆಂಗಳೂರಿನ ಯಾವ ಹೋಟೆಲು, ಬ್ಯಾಂಕು, ಸಾಫ್ಟ್‌ವೇರ್ ಕಂಪೆನಿಗೆ ಹೋದರೂ ಇವರದೇ ಇನ್ನೊಂದು ಪ್ರತಿ ಸಿಗುತ್ತದೆ.

ಕಂಬಳದಣ್ಣನ ವರ್ಷಕ್ಕೆ ಇರುವುದು ಎರಡೇ ಋತು. ನವೆಂಬರ್‌ನಿಂದ ಹೆಚ್ಚುಕಡಿಮೆ ಏಪ್ರಿಲ್‌ವರೆಗೆ ಕಂಬಳ. ಉಳಿದದ್ದು ಕಂಬಳ ಇಲ್ಲದ ಕಾಲ. ಗಲ್ಲಾದ ಹಿಂದಿನ ಗೋಡೆಯಲ್ಲಿ ದೇವರ ಫೋಟೋದ ಪಕ್ಕದಲ್ಲೇ ಆ ಸಾಲಿನ ಕಂಬಳಗಳ ಪಟ್ಟಿ ಅಂಟಿಸಿರುತ್ತಾರೆ: ಮಿಯಾರು, ಐಕಳ, ಪುತ್ತೂರು, ಉಪ್ಪಿನಂಗಡಿ, ವೇಣೂರು. ಮದುವೆ, ಗೃಹಪ್ರವೇಶಗಳ ಮುಹೂರ್ತವನ್ನು ಪುರೋಹಿತರು ಪಂಚಾಂಗ ನೋಡಿ ಇಟ್ಟರೆ ಇವರು ಈ ಪಟ್ಟಿ ನೋಡಿ ಒಪ್ಪುತ್ತಾರೆ. ತಂಗಿಯ ಮಗಳ ನಿಶ್ಚಿತಾರ್ಥವನ್ನು ಗಂಡಿನ ಕಡೆಯವರು ಪುತ್ತೂರು ಕಂಬಳದ ದಿನವೇ ಇಟ್ಟುಕೊಂಡಾಗ ಫೋನಿನಲ್ಲಿ ಇವರು ಕೇಳಿದ್ದು ಒಂದೇ ಮಾತು: “ಅಲ್ಲ ಮಾರಾಯ್ತಿ, ಹುಡುಗ ಎಂಥ ಮನೆತನದವ ಅಂತ ಇದರಲ್ಲೇ ಗೊತ್ತಾಗುವುದಿಲ್ಲವಾ?”

ಇವರ ಬಾಯಲ್ಲಿ ಯಾವಾಗಲೂ ಬರುವುದು ‘ನಮ್ಮ ಕೋಣ’. ಹೊಸಬರು ಇದನ್ನು ಕೇಳಿ ಊರಿನಲ್ಲಿ ದೊಡ್ಡ ಕೊಟ್ಟಿಗೆ, ಈಜುಕೊಳ, ಮಾಲೀಸಿಗೆ ನಾಲ್ಕು ಆಳು ಇರಬೇಕೆಂದುಕೊಳ್ಳುತ್ತಾರೆ. ವಿಚಾರಿಸುತ್ತಾ ಹೋದರೆ ಕೋಣ ಇರುವುದು ಬೇರೆ ಯಾರದೋ ಹಟ್ಟಿಯಲ್ಲಿ. ಆ ಯಜಮಾನರ ಹೆಂಡತಿಯ ತವರೂ ಇವರ ಅಜ್ಜಿಯ ತವರೂ ಒಂದೇ ಗ್ರಾಮ. ನಡುವೆ ಒಂದು ಹೊಳೆ. ಸಂಬಂಧ ಅಷ್ಟೇ. ಒಮ್ಮೆ ಆ ಯಜಮಾನರು ಬೆಂಗಳೂರಿಗೆ ಬಂದಾಗ ಇವರ ಹೋಟೆಲಿನಲ್ಲಿ ಊಟ ಮಾಡಿ, ಕೈ ತೊಳೆಯುತ್ತಾ, “ಸಾರು ಒಳ್ಳೆಯದುಂಟು” ಎಂದರಂತೆ. ಅಂದಿನಿಂದ ಆ ಜೋಡಿ ಕೋಣ ಇವರ ಖಾತೆಗೂ ಸೇರಿತು.

ಶನಿವಾರ ಬೆಳಿಗ್ಗೆ ಮೊಬೈಲನ್ನು ಸೋಂಪಿನ ಡಬ್ಬಕ್ಕೆ ಒರಗಿಸಿ ನೇರಪ್ರಸಾರ ಹಚ್ಚಿದರೆ ಕಂಬಳ ಶುರು. ಕೊಂಬು, ಡೋಲುಗಳ ಜೊತೆ ಕೋಣಗಳು ಗದ್ದೆಗಿಳಿಯುವಾಗ ಇವರು ಎದ್ದು ನಿಲ್ಲುತ್ತಾರೆ. ತಟ್ಟೆ ಹಿಡಿದ ವಿದ್ಯಾರ್ಥಿಗಳು ಯಾರೋ ದೊಡ್ಡವರು ಬಂದರೆಂದು ಹಿಂದೆ ತಿರುಗಿ ನೋಡುತ್ತಾರೆ. ಅಲ್ಲಿಂದ ಮುಂದೆ ಹೋಟೆಲಿನ ಲೆಕ್ಕ ದೇವರಿಗೇ ಪ್ರೀತಿ. ಕೋಣಗಳು ಓಟ ಶುರುವಾಗುವ ಗಂತಿನಲ್ಲಿ ನಿಂತಿರುವಾಗ ಯಾರಾದರೂ ಐನೂರರ ನೋಟು ಕೊಟ್ಟರೆ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಇರುತ್ತಾರೆ; ಕೋಣಗಳು ಓಡಿಬಂದು ಓಟ ಮುಗಿಯುವ ಮಂಜೊಟ್ಟಿ ಹತ್ತಿದ ಮೇಲೆ ಚಿಲ್ಲರೆ ಕೊಡುತ್ತಾರೆ. ಆ ಚಿಲ್ಲರೆ ಕೆಲವೊಮ್ಮೆ ನಾನೂರು, ಕೆಲವೊಮ್ಮೆ ಆರುನೂರು.

ಕೇಳಿದವರಿಗೂ ಕೇಳದವರಿಗೂ ಪಾಠ ನಡೆಯುತ್ತಿರುತ್ತದೆ. ಕೇರಳದ ಹುಡುಗನೊಬ್ಬ ಕನೆಹಲಗೆ ಸ್ಪರ್ಧೆ ನೋಡುತ್ತಾ, “ಅಂಕಲ್, ಒಂದೇ ಜೋಡಿ ಓಡ್ತಿದೆ, ಗೆಲ್ಲೋದು ಯಾರ ಮೇಲೆ?” ಎಂದು ಕೇಳಿಬಿಟ್ಟ. ಬಂಗುಡೆ ಆರಿತು. “ನೋಡು ಮಗ, ಹಗ್ಗ ಅಂದರೆ ನೊಗಕ್ಕೆ ಬರೀ ಹಗ್ಗ. ಓಡಿಸುವವ ಅದನ್ನು ಹಿಡಿದು ಹಿಂದೆ ಓಡಬೇಕು. ನೇಗಿಲಿನಲ್ಲಿ ನೇಗಿಲು. ಅಡ್ಡಹಲಗೆಯಲ್ಲಿ ಅಡ್ಡ ಕಟ್ಟಿದ ಹಲಗೆ ಮೇಲೆ ನಿಲ್ಲಬೇಕು. ಕನೆಹಲಗೆ ಬೇರೆ ಕತೆ. ಅಲ್ಲಿ ಓಟ ಲೆಕ್ಕಕ್ಕಿಲ್ಲ, ನೀರು ಲೆಕ್ಕ. ಹಲಗೆಯ ತೂತಿನಿಂದ ನೀರು ಹಾರಿ ಮೇಲೆ ಕಟ್ಟಿದ ನಿಶಾನೆಗೆ ತಾಗಬೇಕು. 6.5 ಕೋಲು ಎತ್ತರಕ್ಕೆ ಒಂದು, 7.5 ಕೋಲಿಗೆ ಒಂದು.” ಹುಡುಗ ತಲೆಯಾಡಿಸಿದ. “ತಲೆಯಾಡಿಸಿದರೆ ಆಗಲಿಲ್ಲ. ಹೇಳು ನೋಡುವ, ನೇಗಿಲಿನಲ್ಲಿ ಹಿರಿಯ ಮತ್ತು ಕಿರಿಯ ವಿಭಾಗ ಯಾಕುಂಟು?” ಕಾಲೇಜಿನ ಪರೀಕ್ಷೆಗೆ ಹೆದರಿ ಊಟಕ್ಕೆ ಬಂದವನಿಗೆ ಇಲ್ಲೂ ಪರೀಕ್ಷೆ.

ಹೋಟೆಲಿನ ಮುಂದೆ ಎಳನೀರು ಮಾರುವ ಮದ್ದೂರಿನವರೊಬ್ಬರೇ ಇವರಿಗೆ ಸರಿಜೋಡಿ. “ಅಣ್ಣೋ, ನಮ್ ಕಡೆ ಎತ್ತಿನ ಗಾಡಿ ಓಟಕ್ಕೆ ಒಂದ್ಸಲ ಬಾ. ಧೂಳು ಎದ್ರೆ ಗಾಡಿನೇ ಕಾಣಾಕಿಲ್ಲ.”

“ಧೂಳು ಯಾರು ಬೇಕಾದರೂ ಎಬ್ಬಿಸಬಹುದು ಮಾರಾಯ. ನೀರು ಎಬ್ಬಿಸಿ ನೋಡುವ.”

“ಓಡಿದ್ ಮಾರ್ನೆ ದಿನ ನಮ್ಮೆತ್ತು ಹೊಲ ಉಳ್ತದೆ. ನಿಮ್ ಕೋಣ ಏನ್ ಮಾಡ್ತದೆ?”

ಇದಕ್ಕೆ ಕಂಬಳದಣ್ಣನ ಬಳಿ ಉತ್ತರವಿಲ್ಲ. ಕಂಬಳದ ಕೋಣ ಹೊಲ ಉಳುವುದಿಲ್ಲ. ಹುರುಳಿ ತಿನ್ನುತ್ತದೆ, ಎಣ್ಣೆ ಹಚ್ಚಿಸಿಕೊಳ್ಳುತ್ತದೆ, ಈಜುತ್ತದೆ, ಫೋಟೋಕ್ಕೆ ನಿಲ್ಲುತ್ತದೆ. ಗಂಡನ ಮನೆಗೆ ಹೊಸದಾಗಿ ಬಂದ ಅಳಿಯನಿಗೂ ಅಷ್ಟು ಉಪಚಾರ ಇರಲಾರದು ಎಂದು ಒಳಗಿನಿಂದ ಹೆಂಡತಿ ಹೇಳುತ್ತಾರೆ. ಮಾತು ತಿರುಗಾಮುರುಗಾ ಆದರೂ ಅರ್ಥ ಎಲ್ಲರಿಗೂ ತಿಳಿಯುತ್ತದೆ.

ಸೋಲು ಹತ್ತಿರ ಬಂದಾಗಲೆಲ್ಲ ಕಂಬಳದಣ್ಣ ತೆಗೆಯುವ ಅಸ್ತ್ರ 13.62. 2020ರ ಫೆಬ್ರವರಿಯಲ್ಲಿ ಐಕಳದ ಕರೆಯಲ್ಲಿ, ಎಂದರೆ ಕೋಣ ಓಡುವ ಕೆಸರಿನ ದಾರಿಯಲ್ಲಿ, ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿ ನೂರು ಮೀಟರಿಗೆ 9.55 ಸೆಕೆಂಡು ಎಂದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ಮಾಡಿದ ವಿಶ್ವದಾಖಲೆ 9.58. ಆಗ ಕ್ರೀಡಾ ಸಚಿವರಾಗಿದ್ದ ಕಿರಣ್ ರಿಜಿಜು ಗೌಡರನ್ನು ಓಟದ ಪರೀಕ್ಷೆಗೆ ಕರೆದರು. ಕಟ್ಟಡ ಕೆಲಸ ಮಾಡಿ ಬದುಕುತ್ತಿದ್ದ ಗೌಡರು ಒಲ್ಲೆನೆಂದರು, ವೇಗದ ಶ್ರೇಯಸ್ಸು ಕೋಣಗಳದ್ದೆಂದೂ ಹೇಳಿದರು. ಓಡಿದವರಿಗೇ ಇಷ್ಟು ವಿವೇಕ ಇದ್ದಾಗ ನೋಡಿದವರಿಗೂ ಇರಬೇಕೆಂಬ ನಿಯಮವೇನಿಲ್ಲ. ಎದುರಿನಲ್ಲಿ ಕೋಣ ಎಳೆಯುತ್ತಿರುವಾಗ ಓಡುವುದು ಬೇರೆ, ನಿಂತಲ್ಲಿಂದ ಒಬ್ಬನೇ ಓಡುವುದು ಬೇರೆ ಎಂದು ಯಾರಾದರೂ ಹೇಳಿದರೆ, “ಆ ಬೋಲ್ಟಿಗೆ ಮೊಣಕಾಲಿನವರೆಗೆ ಕೆಸರು ಕೊಡಿ. ಆಮೇಲೆ ಮಾತಾಡುವ” ಎಂದು ಮುಗಿಸುತ್ತಾರೆ. ಆ ಲೆಕ್ಕವನ್ನೇ ಮುಂದುವರಿಸಿ ಗಂಟೆಗೆ 37 ಕಿಲೋಮೀಟರಿಗೂ ಮೇಲಾಯಿತೆಂದು ನಾನೊಮ್ಮೆ ಹೇಳಿದೆ. ಸಂಜೆ ಹೊತ್ತಿಗೆ ಡೇರಿ ವೃತ್ತದಲ್ಲಿ ಯಾವ ಕಾರೂ ಕಾಣದ ವೇಗ ಅದು. ಮರುದಿನದಿಂದ ಬೆಂಗಳೂರಿನ ಸಂಚಾರ ಸಮಸ್ಯೆಗೂ ಅವರ ಬಳಿ ಕೋಣದ ಪರಿಹಾರ ಸಿದ್ಧವಾಯಿತು.

ಕುದುರೆ ರೇಸಿನ ಬಗ್ಗೆ ಅವರಿಗೆ ತಾತ್ಸಾರ. ರೇಸ್‌ಕೋರ್ಸ್ ರಸ್ತೆಯಲ್ಲಿ ಬಸ್ಸು ಹೋಗುವಾಗ ಮುಖ ಆಚೆ ತಿರುಗಿಸುತ್ತಾರೆ. ಇಂಗ್ಲೆಂಡು, ಐರ್ಲೆಂಡಿನ ಹಳ್ಳಿಗಳಲ್ಲೂ ಹವ್ಯಾಸಿ ಸವಾರರು ರೈತರ ಹೊಲದಲ್ಲಿ ಬೇಲಿ ಹಾರಿಸಿ ಕುದುರೆ ಓಡಿಸುತ್ತಾರೆ, ಅದಕ್ಕೆ ಸ್ಟೀಪಲ್‌ಚೇಸ್ ಎನ್ನುತ್ತಾರೆ ಎಂದು ನಾನು ಹೇಳಿದಾಗ ಮಾತ್ರ ಕಿವಿ ನಿಮಿರಿತು. 1752ರಲ್ಲಿ ಐರ್ಲೆಂಡಿನ ಕಾರ್ಕ್ ಸೀಮೆಯಲ್ಲಿ ಇಬ್ಬರು ಪಂಥ ಕಟ್ಟಿ ಬಟವಂಟ್ ಚರ್ಚಿನಿಂದ ಡೋನರೈಲ್ ಚರ್ಚಿನ ಗೋಪುರ ಗುರಿಯಿಟ್ಟು, ಅಡ್ಡ ಬಂದ ಗೋಡೆ ಹಳ್ಳಗಳನ್ನೆಲ್ಲ ಹಾರಿಸಿ ಹೋದರಂತೆ ಎಂದೆ. ಗಂಭೀರವಾಗಿ ಕೇಳಿಸಿಕೊಂಡರು.

“ಮೈಕು ಇತ್ತಾ?”

“1752ರಲ್ಲಿ ಎಲ್ಲಿಯ ಮೈಕು?”

“ಹೆಸರು ಕೂಗುವವರೇ ಇಲ್ಲದಿದ್ದರೆ ಅಷ್ಟು ದೂರ ಓಡಿದ್ದು ಯಾರಿಗೋಸ್ಕರ?”

ಇಡೀ ಕಂಬಳದ ಶಾಸ್ತ್ರ ಈ ಒಂದು ಪ್ರಶ್ನೆಯಲ್ಲಿದೆ. ಗೆದ್ದ ಕೋಣಕ್ಕೆ ಸಿಗುವ ಚಿನ್ನ ಸಾಮಾನ್ಯವಾಗಿ ಎರಡು ಪವನು, ಎಂದರೆ 16 ಗ್ರಾಂ. ಕೋಣದ ವರ್ಷದ ಹುರುಳಿ, ಎಣ್ಣೆ, ಆಳು, ಲಾರಿಗಳ ಮುಂದೆ ಅದು ಯಾವ ಲೆಕ್ಕ? ಯಜಮಾನರು ಖರ್ಚು ಮಾಡುವುದು ಮೈಕಿನಲ್ಲಿ ಮನೆತನದ ಹೆಸರು ನಾಲ್ಕು ಊರಿಗೆ ಕೇಳಲಿ ಎಂದು.

ಕಾನೂನು ಓದುವ ಹುಡುಗಿಯೊಬ್ಬಳು ಒಂದು ಶನಿವಾರ ಕೋಣಗಳಿಗೆ ಬೀಳುವ ಬೆತ್ತದ ಬಗ್ಗೆ ಕೇಳಿದಳು. ಕಂಬಳದಣ್ಣ ಕಾನೂನನ್ನೇ ಒಪ್ಪಿಸಿದರು: ಜಲ್ಲಿಕಟ್ಟು ನಿಷೇಧಿಸಿದ 2014ರ ತೀರ್ಪು, 2016ರಲ್ಲಿ ಕಂಬಳಕ್ಕೆ ಹೈಕೋರ್ಟು ತಂದ ತಡೆ, ಆಮೇಲೆ ರಾಜ್ಯ ಮಾಡಿದ ತಿದ್ದುಪಡಿ, 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿದದ್ದು. ಆ ತೀರ್ಪು ಬಂದ ದಿನ ಹೋಟೆಲಿಗೆ ಬಂದವರಿಗೆಲ್ಲ ಬನ್ಸ್ ಪುಕ್ಕಟೆ ಕೊಟ್ಟಿದ್ದರು. ಹುಡುಗಿ ಎಲ್ಲ ಕೇಳಿಸಿಕೊಂಡು, “ಅದು ಕೋರ್ಟು ಹೇಳಿದ್ದು ಅಂಕಲ್. ಕೋಣ ಏನು ಹೇಳ್ತು?” ಎಂದಳು. ಅಂದು ಅವಳಿಗೆ ಮೀನು ಒಂದು ಹೆಚ್ಚು ಬಿತ್ತು. ಉತ್ತರ ಇಲ್ಲದಾಗ ಬಡಿಸುವುದು ಹೋಟೆಲಿನವರ ಹಳೆಯ ಕ್ರಮ.

ಇಂಥವರ ಬಾಳಿನಲ್ಲೂ ಕೋಣವೇ ಮನೆ ಬಾಗಿಲಿಗೆ ಬಂದ ದಿನ ಒಂದಿತ್ತು. 2023ರ ನವೆಂಬರ್ 25 ಮತ್ತು 26. ಅರಮನೆ ಮೈದಾನದಲ್ಲಿ 155 ಮೀಟರ್ ಉದ್ದದ ‘ರಾಜ-ಮಹಾರಾಜ’ ಜೋಡುಕರೆ. ಲಾರಿಗಳಲ್ಲಿ ಘಟ್ಟ ಹತ್ತಿ, ಹಾಸನದಲ್ಲಿ ಸುಧಾರಿಸಿಕೊಂಡು, ನೂರಕ್ಕೂ ಹೆಚ್ಚು ಜೋಡಿ ಕೋಣ ಬೆಂಗಳೂರಿಗೆ ಬಂದವು. ಕಂಬಳದಣ್ಣ ಹೋಟೆಲಿಗೆ ಬೀಗ ಹಾಕಿ, ಬಿಳಿ ಪಂಚೆ ಉಟ್ಟು, ಎಳನೀರಿನವರನ್ನೂ ಎಳೆದುಕೊಂಡು ಹೋದರು. ನೂಕುನುಗ್ಗಲಿನಲ್ಲಿ ಕರೆ ಕಾಣಲಿಲ್ಲ. ಕಂಡದ್ದು ಮುಂದಿನವರ ತಲೆ, ಅವರು ಎತ್ತಿ ಹಿಡಿದ ಮೊಬೈಲು. ಕೊನೆಗೆ ಇವರೂ ತಮ್ಮ ಮೊಬೈಲು ತೆಗೆದು ಅಲ್ಲೇ ನೇರಪ್ರಸಾರ ನೋಡಿದರು. ಎಲ್ಲಿಂದಲೋ ಹಾರಿ ಬಂದ ಒಂದು ಹನಿ ಕೆಸರು ಮಾತ್ರ ಅಂಗಿಗೆ ತಾಗಿತು. ಆ ಅಂಗಿ ಇನ್ನೂ ಒಗೆದಿಲ್ಲ. ಎಳನೀರಿನವರು ಕಂಬಳ ನೋಡಿ ಬಂದು ಕೊಟ್ಟ ತೀರ್ಪು: “ಚೆನ್ನಾಗೈತೆ. ಎತ್ತು ಕಟ್ಟಿದ್ರೆ ಇನ್ನೂ ಚೆನ್ನಾಗಿರೋದು.”

ಭಾನುವಾರ ಬೆಳಗಾಗುವ ಹೊತ್ತಿಗೆ ಕಂಬಳ ಸೆಮಿಫೈನಲಿಗೆ, ಕಂಬಳದಣ್ಣನ ಕಣ್ಣು ಕೆಂಪಿಗೆ ಬಂದಿರುತ್ತವೆ. ‘ನಮ್ಮ ಕೋಣ’ ಗೆದ್ದರೆ ಕಾರಣ ಒಂದೇ: ನಮ್ಮ ಕೋಣ. ಸೋತರೆ ಕಾರಣ ಹಲವು. ಗಂತಿನಲ್ಲಿ ಬಿಡುವಾಗ ತಡವಾಯಿತು, ಬಲಗಡೆಯ ಕರೆಯಲ್ಲಿ ನೀರು ಜಾಸ್ತಿ ಇತ್ತು, ಓಡಿಸಿದವನಿಗೆ ನಿದ್ದೆ ಇರಲಿಲ್ಲ, ಓಟದ ಸಮಯ ಅಳೆಯುವ ಲೇಸರಿಗೆ ಕೆಸರು ಮೆತ್ತಿತ್ತು. ಒಂದೆರಡು ಸಲ ನೆಟ್‌ವರ್ಕ್ ಕಂಪೆನಿಯ ಮೇಲೂ ದೋಷ ಬಿದ್ದಿದೆ. ಚಿತ್ರ ನಿಂತದ್ದರಿಂದ ಕೋಣದ ಓಟ ಕಡಿದುಹೋಯಿತಂತೆ.

ಎಲ್ಲವನ್ನೂ ಕೂಡಿಸಿ ಕಳೆದರೆ ಲೆಕ್ಕ ಹೀಗೆ ಬರುತ್ತದೆ. ಕಂಬಳದಲ್ಲಿ ಯಜಮಾನರಿಗೆ ಖರ್ಚು, ಓಡಿಸುವವರಿಗೆ ಮೈಕೈ ನೋವು, ಕೋಣಕ್ಕೆ ಬೆತ್ತ, ಸಂಘಟಕರಿಗೆ ಸಾಲ. ಒಂದು ಹಿಡಿ ಹುರುಳಿ ಕೊಡದೆ, ಒಂದು ಹೆಜ್ಜೆ ಓಡದೆ, ಗೆಲುವಿನಲ್ಲಿ ಪೂರಾ ಪಾಲು ತೆಗೆದುಕೊಳ್ಳುವವರು ಎಸ್.ಜಿ. ಪಾಳ್ಯದ ಕಂಬಳದಣ್ಣ ಒಬ್ಬರೇ. ಆದರೆ ಇವರಂಥವರು ಊರೂರಿನಲ್ಲಿ ಕೂತು ಆ ಹೆಸರುಗಳನ್ನು ಮತ್ತೆ ಮತ್ತೆ ಕೂಗದಿದ್ದರೆ, ಹೆಸರಿಗಾಗಿ ಕೋಣ ಸಾಕುವವರು ಎಷ್ಟು ದಿನ ಸಾಕಿಯಾರು?

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಚಳಿಗಾಲದ ಯಾವುದಾದರೂ ಶನಿವಾರ ಆ ಕಡೆ ಹೋದರೆ ಅಲ್ಲೇ ಊಟ ಮಾಡಿ. ನೀರುದೋಸೆ ನಿಜವಾಗಿಯೂ ಚೆನ್ನಾಗಿದೆ. ಚಿಲ್ಲರೆಯನ್ನು ಎಣಿಸಿಯೇ ತೆಗೆದುಕೊಳ್ಳಿ, ಹೆಚ್ಚು ಬಂದಿದ್ದರೆ ಸೋಮವಾರ ಹಿಂದಿರುಗಿಸಿ. ಯಾವ ಕೋಣ ಗೆದ್ದಿತೆಂದು ಮಾತ್ರ ಕೇಳಬೇಡಿ, ಮನೆಗೆ ಬೇಗ ಹೋಗಬೇಕಾಗಿದ್ದರೆ.