ಬೀಜದ ಕುದುರೆಯ ಶಾಸನಗಳು: ಕ್ಯಾಂಟರ್ಬರಿ ಬಯಲಿನ ಪತ್ರಿಕಾಲಿಪಿಗಳ ಒಂದು ಅಧ್ಯಯನ

ಶಾಸ್ತ್ರಗ್ರಂಥ ಬರೆಯಹೊರಟವನು ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಆದ್ದರಿಂದ ಹೇಳುತ್ತೇವೆ.

ವಿಷಯ: ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನ್ಯೂಜಿಲೆಂಡಿನ ಕ್ಯಾಂಟರ್ಬರಿ ಸೀಮೆಯ ಪತ್ರಿಕೆಗಳಲ್ಲಿ ವಸಂತ ಬಂದಾಗಲೆಲ್ಲ ಅಚ್ಚಾಗುತ್ತಿದ್ದ ಬೀಜದ ಕುದುರೆಗಳ ಜಾಹೀರಾತು. ಅಧಿಕಾರಿ, ಅಂದರೆ ಓದಲು ಅರ್ಹನಾದವನು: ಹಳೆಯ ಪತ್ರಿಕೆಯ ಮೊದಲ ಪುಟದಲ್ಲಿ ಸುದ್ದಿ ಹುಡುಕಿ, ಸಿಗದೆ, ಜಾಹೀರಾತನ್ನೇ ಪೂರ್ತಿ ಓದಿದವನು. ಸಂಬಂಧ: ನ್ಯೂಜಿಲೆಂಡಿನ ಮಗ್ಗುಲ ಸಮುದ್ರದ ಇನ್ನೊಂದು ದಡವಾದ ನ್ಯೂ ಸೌತ್ ವೇಲ್ಸ್‌ನ ‘ವೇಲರ್’ ಕುದುರೆಗಳು ಮದರಾಸಿನಲ್ಲಿ ಇಳಿದು, ಬೆಂಗಳೂರಿನ ಮಗ್ಗುಲಿನ ಹೊಸೂರಿನಲ್ಲಿದ್ದ ಸೇನೆಯ ಡಿಪೋದಲ್ಲಿ ಹುಲ್ಲು ತಿಂದಿವೆ, ಹುಲ್ಲಿನ ಋಣಕ್ಕಿಂತ ದೊಡ್ಡ ಸಂಬಂಧ ಬೇಕೆ? ಪ್ರಯೋಜನ: ಏನೂ ಇಲ್ಲ. ಇದು ಸಂಶೋಧನೆ.

ಶಾಲಿಹೋತ್ರನ ಪರಂಪರೆಯವರು ಕುದುರೆಯ ಸುಳಿ, ಬಣ್ಣ, ಹಲ್ಲು ಎಲ್ಲವನ್ನೂ ವಿಚಾರಿಸಿದ್ದಾರೆ. ಕನ್ನಡದಲ್ಲಿ ಅಭಿನವಚಂದ್ರನು ‘ಅಶ್ವವೈದ್ಯ’ವನ್ನೇ ಬರೆದಿದ್ದಾನೆ. ಜಾಹೀರಾತಿನ ವಿಷಯದಲ್ಲಿ ಮಾತ್ರ ಎಲ್ಲರದೂ ಮೌನ. ಈ ಕೊರತೆಯನ್ನು ನೀಗಿಸುವ ಭಾರ ನಮ್ಮ ಮೇಲೆ ಬಿದ್ದಿದೆ. ಹೊರಿಸಿದವರು ಯಾರೂ ಇಲ್ಲ.

1. ಪೂರ್ವಪಕ್ಷ ಮತ್ತು ಅದರ ಖಂಡನೆ

ಇವು ವಧೂವರರ ಜಾಹೀರಾತುಗಳ ಪೂರ್ವಜರು ಎಂದು ಅವಸರದವರು ಹೇಳಿಯಾರು. ಸಲ್ಲದು. ವರನ ಜಾಹೀರಾತಿನಲ್ಲಿ ದರವನ್ನು ಅಚ್ಚು ಹಾಕಿಸುವುದಿಲ್ಲ, ಮಾತುಕತೆಗೆ ಕೂತಾಗ ತಿಳಿಸುತ್ತಾರೆ. ಕುದುರೆಯ ಮಾಲೀಕ ಮೊದಲೇ ಅಚ್ಚು ಹಾಕಿಸುತ್ತಾನೆ. ಪ್ರಾಮಾಣಿಕತೆಯಲ್ಲಿ ಇಷ್ಟು ಅಂತರವಿರುವ ಎರಡು ಪ್ರಕಾರಗಳನ್ನು ಒಂದೇ ಕುಲಕ್ಕೆ ಸೇರಿಸಲಾಗದು.

ನಮ್ಮ ಸಿದ್ಧಾಂತ ಇದು: ಇವು ಶಾಸನಗಳು. ಮೈಸೂರು ಸೀಮೆಯಲ್ಲಿ ರೈಸ್ ಸಾಹೇಬರು ಕಲ್ಲುಕಲ್ಲನ್ನೂ ಓದಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಹೊರತರುತ್ತಿದ್ದ ಕಾಲದಲ್ಲೇ ಕ್ಯಾಂಟರ್ಬರಿಯಲ್ಲಿ ಹೊಸ ಶಾಸನಗಳು ಕಾಗದದ ಮೇಲೆ ಹುಟ್ಟುತ್ತಿದ್ದವು. ತಲೆಯ ಮೇಲಿನ ಶಿಲ್ಪ, ಬಿರುದಾವಳಿ, ವಂಶಾವಳಿ, ಸೀಮೆ, ಕೊಡುಕೊಳ್ಳುವ ಬಾಬತ್ತು, ಕೊನೆಗೆ ಶಾಪಾಶಯ: ದಾನಶಾಸನಕ್ಕೆ ಬೇಕಾದ ಅಂಗಗಳಲ್ಲಿ ಒಂದೂ ಕಡಿಮೆಯಿಲ್ಲ.

2. ಶಿಲ್ಪ

ನಮ್ಮ ಕಲ್ಲಿನ ನೆತ್ತಿಯಲ್ಲಿ ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಹಸು ಇರುತ್ತವೆ. ಅಲ್ಲಿನ ಶಾಸನದ ನೆತ್ತಿಯಲ್ಲಿ ಒಂದು ಕುದುರೆ, ಅದರ ಹಗ್ಗ ಹಿಡಿದ ಒಬ್ಬ ಆಳು. ಅಚ್ಚುಕೂಟದವನ ಬಳಿ ಇದ್ದುದೇ ಒಂದೆರಡು ಪಡಿಯಚ್ಚು. ಹಾಗಾಗಿ ನೇಗಿಲೆಳೆಯುವ ದಪ್ಪಗಾಲಿನ ಕ್ಲೈಡ್ಸ್‌ಡೇಲ್‌ಗೂ ಜೂಜಿನ ಬಯಲಲ್ಲಿ ಓಡುವ ಥರೋಬ್ರೆಡ್‌ಗೂ ಅದೇ ಮುಖ, ಅದೇ ಬಾಲ. ಇದು ಅದ್ವೈತ. ಭೇದವೆಲ್ಲ ಕೆಳಗಿನ ಬರಹದಲ್ಲಿ.

3. ಬಿರುದಾವಳಿ ಮತ್ತು ವಂಶಾವಳಿ

ಬಿರುದುಗಳಿಗೊಂದು ಕ್ರಮವಿದೆ. ಮೊದಲು ಬಣ್ಣ, ಆಮೇಲೆ ಎತ್ತರ, ನಾಲ್ಕು ಇಂಚಿಗೊಂದು ‘ಹ್ಯಾಂಡು’ ಎಂಬ ಲೆಕ್ಕದಲ್ಲಿ, ಆಮೇಲೆ ಮೂಳೆ, ಮಾಂಸಖಂಡ, ಕಾಲಿನ ರೇಷ್ಮೆಯಂಥ ಕೂದಲು, ನಡಿಗೆ, ಕಟ್ಟಕಡೆಗೆ ಸಾಧುಸ್ವಭಾವ. ಸಾಧುವಲ್ಲದ ಕುದುರೆ ಈ ಸಾಹಿತ್ಯದಲ್ಲಿ ಹುಡುಕಿದರೂ ಸಿಗದು. ಲಾಯದಲ್ಲಿ ಧಾರಾಳ ಸಿಗುತ್ತಿತ್ತು. 1862ರಲ್ಲಿ ಇಂಗ್ಲೆಂಡಿನಿಂದ ಬಂದ ಟ್ರಾಡ್ಯೂಸರ್ ಎಂಬ ಥರೋಬ್ರೆಡ್ ಕೆಟ್ಟ ಸಿಟ್ಟಿಗೇ ಹೆಸರುವಾಸಿ. ಆದರೂ ಅವನ ಮಕ್ಕಳು ಪಂದ್ಯದ ಮೇಲೆ ಪಂದ್ಯ ಗೆದ್ದರು. ಗೆಲ್ಲುವ ಮಕ್ಕಳಿದ್ದರೆ ಅಪ್ಪನ ಕೋಪವನ್ನು ಲೋಕ ತೇಜಸ್ಸೆಂದು ಕರೆಯುತ್ತದೆಂಬುದಕ್ಕೆ ಇದು ದೃಷ್ಟಾಂತ.

ವಂಶಾವಳಿಯಲ್ಲಿ ಅಪ್ಪ, ಅಪ್ಪನಪ್ಪ, ಅವನಪ್ಪ. ಹೆಸರಾದ ಅಪ್ಪನ ಮಗನಿಗೆ ಅಪ್ಪನದೇ ಹೆಸರಿಟ್ಟು ಮುಂದೆ ‘ಯಂಗ್’ ಸೇರಿಸುವುದು ರೂಢಿ. ಆ ಮಗನಿಗೆ ಹಲ್ಲು ಸವೆದು ಬೆನ್ನು ಬಾಗಿದರೂ ಶಾಸನದಲ್ಲಿ ಅವನು ‘ಯಂಗ್’ ಆಗಿಯೇ ಉಳಿಯುತ್ತಾನೆ. ನಮ್ಮ ಯುವ ಸಂಘಟನೆಗಳ ಪದಾಧಿಕಾರಿಗಳನ್ನು ಬಲ್ಲವರಿಗೆ ಇದರಲ್ಲಿ ವಿಶೇಷವೇನೂ ತೋರದು.

ವಯಸ್ಸಿನ ಲೆಕ್ಕವೂ ಶಾಸ್ತ್ರೀಯ. ದಕ್ಷಿಣಾರ್ಧಗೋಳದ ಆ ನಾಡಿನಲ್ಲಿ ಥರೋಬ್ರೆಡ್‌ಗಳಿಗೆಲ್ಲ ಆಗಸ್ಟ್ 1ರಂದೇ ಒಂದು ವರ್ಷ ಕೂಡುತ್ತದೆ. ನಮ್ಮ ಮೇಷ್ಟ್ರುಗಳು ಶಾಲೆಗೆ ಸೇರಿದ ಮಕ್ಕಳಿಗೆಲ್ಲ ಜೂನ್ 1 ಎಂದು ಬರೆದುಕೊಂಡ ಹಾಗೆ. ಜುಲೈ 31ರ ರಾತ್ರಿ ಹುಟ್ಟಿದ ಮರಿಗೆ ಬೆಳಗಾಗುವಷ್ಟರಲ್ಲಿ ಒಂದು ವರ್ಷ. ಹೆಣ್ಣು ಕುದುರೆ ಸುಮಾರು ಹನ್ನೊಂದು ತಿಂಗಳು ಹೊರುವುದರಿಂದ, ಸೆಪ್ಟೆಂಬರಿನ ಹೊತ್ತಿಗೆ ಮಾಲೀಕರು ಪತ್ರಿಕಾಲಯಗಳ ಬಾಗಿಲಲ್ಲಿ ಏಕೆ ಸಾಲುಗಟ್ಟುತ್ತಿದ್ದರೆಂಬುದು ಇದರಿಂದ ಸಿದ್ಧವಾಗುತ್ತದೆ.

4. ಸೀಮೆ

ದಾನಶಾಸನದಲ್ಲಿ ಮೂಡಲು ಹಳ್ಳ, ತೆಂಕಲು ಹುಣಿಸೆಮರ ಎಂದು ಗಡಿ ಹೇಳುವ ಜಾಗದಲ್ಲಿ ಇಲ್ಲಿ ವಾರಗಳ ಹೆಸರು. ಸೋಮವಾರ ಲಿಂಕನ್, ಮಂಗಳವಾರ ಲೀಸ್ಟನ್, ಬುಧವಾರ ಸೌತ್‌ಬ್ರಿಡ್ಜ್ ಎಂಬ ಧಾಟಿಯಲ್ಲಿ ಸಾಗಿ, ಶನಿವಾರ ಮನೆಗೆ. ಭಾನುವಾರ ಕುದುರೆಗೂ ದೇವರಿಗೂ ವಿಶ್ರಾಂತಿ. ಮಧ್ಯಾಹ್ನದ ತಂಗು ಒಂದು ಹೋಟೆಲು, ರಾತ್ರಿಯದು ಇನ್ನೊಂದು. ಈ ಪ್ರವಾಸಪಟ್ಟಿಯಿಂದ ಕ್ಯಾಂಟರ್ಬರಿಯ ಕುದುರೆಗಳ ಭೂಗೋಳವನ್ನು ತಿಳಿಯಹೊರಟವನಿಗೆ ಅಲ್ಲಿನ ಹೆಂಡದಂಗಡಿಗಳ ಭೂಗೋಳವೂ ಬಿಟ್ಟಿಯಾಗಿ ಸಿಗುತ್ತದೆ.

ಹೋಟೆಲಿನ ಹಿತ್ತಲಿನ ವಿಧಿ ಹೀಗೆ. ಕುದುರೆಯಾಳು ಬೆಳಿಗ್ಗೆಯೇ ಎದ್ದು ಕ್ಲೈಡ್ಸ್‌ಡೇಲ್‌ನ ಗೊರಸಿನ ಮೇಲಿನ ಕೂದಲನ್ನು ಸೋಪು ಹಚ್ಚಿ ತೊಳೆಯುತ್ತಾನೆ. ಮರದ ಹೊಟ್ಟು ತೂರಿ ಒಣಗಿಸಿ ಕೊಡವುತ್ತಾನೆ. ಕೇಸರಕ್ಕೆ ಬಣ್ಣದ ಪಟ್ಟಿ ಸೇರಿಸಿ ಜಡೆ ಹೆಣೆಯುತ್ತಾನೆ. ರೈತನೊಬ್ಬ ತನ್ನ ಉಳುವ ಹೆಣ್ಣು ಕುದುರೆಯನ್ನು ಹಿಡಿದು ತರುತ್ತಾನೆ. ಅದಕ್ಕೆ ಜಡೆ ಹಾಕಿದವರಿಲ್ಲ, ಹೊಟ್ಟೆಗೆ ನೆನ್ನೆಯ ಕೆಸರು ಮೆತ್ತಿದೆ. ನಡುವೆ ಗಟ್ಟಿಯಾದ ಗಳುವಿನ ತಡೆ. ಅತ್ತ ಕಡೆಯಿಂದ ಮಹಾರಾಜಾಧಿರಾಜನು ಕತ್ತು ಬಿಲ್ಲಾಗಿಸಿ ಬರುತ್ತಾನೆ. ಹೆಣ್ಣು ಕಿವಿ ಹಿಂದಕ್ಕೆ ಮಡಚಿ, ಚೀರಿ, ಗಳುವಿಗೆ ಎರಡೂ ಹಿಂಗಾಲಿನಿಂದ ಒದೆಯುತ್ತದೆ. ಬೆದೆ ಬಂದಿಲ್ಲ. ಅಪ್ಪನಪ್ಪನ ಅಪ್ಪ ಪಡೆದ ಪದಕಗಳನ್ನು ಅದು ಓದಿಕೊಂಡಿಲ್ಲ. ಆಳು ಪುಸ್ತಕದಲ್ಲೊಂದು ಗೀಟು ಹಾಕಿ ಮುಂದಿನ ಹೋಟೆಲಿಗೆ ನಡೆಯುತ್ತಾನೆ. ಬೆದೆ ಸುಮಾರು 21 ದಿನಕ್ಕೊಮ್ಮೆ ತಿರುಗಿ ಬರುವುದರಿಂದ ಅವನೂ ತಿರುಗಿ ಬರಲೇಬೇಕು.

5. ಬಾಬತ್ತು

ಶುಲ್ಕ ಗಿನಿಯ ಲೆಕ್ಕದಲ್ಲಿ. ಗಿನಿ ಅಂದರೆ 21 ಷಿಲಿಂಗ್. ಆ ನಾಣ್ಯದ ಟಂಕಣ 1814ರಲ್ಲೇ ನಿಂತಿತ್ತು. ಆದರೂ ಲಾಯರು, ವೈದ್ಯ, ಕುದುರೆ ಮುಂತಾದ ಗೌರವಸ್ಥರಿಗೆ ಇಲ್ಲದ ನಾಣ್ಯದಲ್ಲೇ ಸಂಭಾವನೆ. ಕುದುರೆಯನ್ನು ಊರೂರು ನಡೆಸುವ ಆಳಿನ ಪಾಲು ಮಾತ್ರ ಇರುವ ನಾಣ್ಯವಾದ ಷಿಲಿಂಗ್‌ನಲ್ಲಿ. ಇನ್ನೊಂದು ಅಂಶವನ್ನು ವಿದ್ವಾಂಸರು ಗಮನಿಸಬೇಕು: ನ್ಯೂಜಿಲೆಂಡಿಗೆ ಮೊದಲ ಕುದುರೆಗಳು, ಒಂದು ಗಂಡು ಎರಡು ಹೆಣ್ಣು, ಪಾದ್ರಿ ಸ್ಯಾಮ್ಯುಯೆಲ್ ಮಾರ್ಸ್‌ಡನ್ ಜತೆ ಹಡಗಿನಲ್ಲಿ ಬಂದಿಳಿದದ್ದು ಅದೇ 1814ರ ಡಿಸೆಂಬರಿನಲ್ಲಿ. ಗಿನಿ ಹೋದ ವರ್ಷವೇ ಕುದುರೆ ಬಂತು. ಇದರ ಅರ್ಥವೇನೆಂದು ನಾವು ಬಹಳ ಯೋಚಿಸಿದೆವು. ಅರ್ಥವಿಲ್ಲ.

6. ಶಾಪಾಶಯ

ಕೊನೆಯ ಸಾಲುಗಳೇ ಇಡೀ ಶಾಸನದ ಪ್ರಾಣ. ಒಳ್ಳೆಯ ಹುಲ್ಲುಗಾವಲಿದೆ, ಎಲ್ಲ ಎಚ್ಚರ ವಹಿಸುತ್ತೇವೆ, ಯಾವುದಕ್ಕೂ ನಾವು ಹೊಣೆಯಲ್ಲ. ನಮ್ಮ ಕಲ್ಲುಗಳಲ್ಲಿ ದತ್ತಿಗೆ ಅಳುಪಿದವನಿಗೆ ಕಾಶಿಯಲ್ಲಿ ಕವಿಲೆ ಕೊಂದ ಪಾಪ. ಇಲ್ಲಿ ದುಡ್ಡು ಬಾಕಿ ಇಟ್ಟವನಿಗೆ ಕೋರ್ಟು.

ಇದಕ್ಕಿಂತ ಸೂಕ್ಷ್ಮವಾದ ಷರತ್ತು ಒಂದುಂಟು: ಮಾರಿದ ಅಥವಾ ಬದಲಾಯಿಸಿಕೊಂಡ ಹೆಣ್ಣು ಕುದುರೆಯನ್ನು ಗಬ್ಬವೆಂದೇ ಪರಿಗಣಿಸಲಾಗುವುದು. ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆಂದು ಊಹಿಸುವುದು ಮೀಮಾಂಸಕರ ಅರ್ಥಾಪತ್ತಿ. ದೇವದತ್ತನನ್ನು ಮಾರಿದ್ದರೆ ಅವನು ಉಂಡಿದ್ದಾನೆಂದೇ ಲೆಕ್ಕ ಎನ್ನುವ ಮಟ್ಟಕ್ಕೆ ಮೀಮಾಂಸಕರು ಏರಲಿಲ್ಲ. ಆ ಕೀರ್ತಿ ಕ್ಯಾಂಟರ್ಬರಿಯ ಮಾಲೀಕರದು.

7. ಅನುಕ್ತಗಳು

ಉತ್ತಮ ಶಾಸನವು ಹೇಳಿದ್ದಕ್ಕಿಂತ ಹೇಳದ್ದರಲ್ಲಿ ದೊಡ್ಡದು. ವಿಕ್ಟೋರಿಯಾ ರಾಣಿಯ ಕಾಲ. ಅದೇ ಪುಟದಲ್ಲಿ ಪಿಯಾನೋ ಪಾಠ, ಚಹಾ, ಚರ್ಚಿನ ಸಭೆ. ಆದ್ದರಿಂದ ಕುದುರೆ ‘ಸಂಚರಿಸಲಿದೆ’, ‘ತಂಗಲಿದೆ’. ಇಷ್ಟೆಲ್ಲ ಏರ್ಪಾಡು ಯಾವ ಕೆಲಸಕ್ಕೋ ಅದರ ಕ್ರಿಯಾಪದಕ್ಕೆ ಬಹುಪಾಲು ಶಾಸನಗಳಲ್ಲಿ ಸ್ಥಾನವಿಲ್ಲ.

ಎರಡನೆಯ ಅನುಕ್ತ ಆ ಉಳುವ ಹೆಣ್ಣು ಕುದುರೆ. ಮರಿಯ ಅರ್ಧ ಅದರದು. ಹೊರುವುದು, ಹೆರುವುದು, ನಡುನಡುವೆ ಉಳುವುದು ಪೂರ್ತಿ ಅದರದೇ. 1870ರ ದಶಕದಿಂದ ಆ ಬಯಲು ಗೋಧಿಗೆ ತೆರೆದುಕೊಂಡಾಗ ಎರಡು ಕುಳದ ನೇಗಿಲನ್ನೂ ಕಟಾವಿನ ಯಂತ್ರವನ್ನೂ ಎಳೆದದ್ದು ಅದು ಮತ್ತು ಅದರ ಮಕ್ಕಳು. 1911ರ ಹೊತ್ತಿಗೆ ಸುಮಾರು 10 ಲಕ್ಷ ಜನರಿದ್ದ ನ್ಯೂಜಿಲೆಂಡಿನಲ್ಲಿ ಕುದುರೆಗಳು 4 ಲಕ್ಷ ದಾಟಿದ್ದವು. ಇಷ್ಟನ್ನೂ ಹೆತ್ತವಳ ಹೆಸರು ಶಾಸನದಲ್ಲಿಲ್ಲ.

8. ಸಿದ್ಧಾಂತ

ಈಗ ಫಲಿತಾಂಶ. ಆ ಅನಾಮಿಕಳಿಗೆ ಕುಲೀನ ಗಂಡಿನಿಂದ ಹುಟ್ಟಿದ ಹೆಣ್ಣುಮರಿ ಅರ್ಧ ಕುಲೀನೆ. ಪ್ರತಿ ಸಲವೂ ಕುಲೀನ ಗಂಡೇ ಆದರೆ ಅವಳ ಮಗಳು ಮುಕ್ಕಾಲು, ಮೊಮ್ಮಗಳು 8ರಲ್ಲಿ 7 ಪಾಲು, ಮರಿಮಗಳು 16ರಲ್ಲಿ 15. ಇಂಥ ಮೆಟ್ಟಿಲು ಹತ್ತಿ ಬಂದವರಿಗೆ ಹಲವು ತಳಿದಾಖಲೆ ಪುಸ್ತಕಗಳು ಬಾಗಿಲು ತೆರೆದವು. ಅಂದರೆ ಕುಲವೆಂಬುದು ಕೆಲವು ಗಿನಿಗೊಂದು ಮೆಟ್ಟಿಲಿನಂತೆ, ನಾಲ್ಕು ಕಂತಿನಲ್ಲಿ ಕೊಳ್ಳಬಹುದಾದ ಸರಕು. ಕುಲಕ್ಕೆ ಬೆಲೆ ಕಟ್ಟಲಾಗದೆಂದು ವಾದಿಸುವವರು ಈ ಜಾಹೀರಾತುಗಳನ್ನು ನೋಡಿಲ್ಲ.

ಮನುಷ್ಯರ ವಿಷಯದಲ್ಲಿ ಕ್ಯಾಂಟರ್ಬರಿ ಇನ್ನೂ ಚುರುಕು. ಊರು ಬಿಟ್ಟು ಬಂದವರ ಅಜ್ಜಂದಿರನ್ನು ಅಲ್ಲಿ ಯಾರೂ ಕೇಳಲಿಲ್ಲ, ಕೇಳಿದ್ದು ಹಡಗನ್ನು. 1850ರ ಡಿಸೆಂಬರಿನಲ್ಲಿ ಬಂದ ಷಾರ್ಲಟ್ ಜೇನ್, ರಾಂಡಾಲ್ಫ್, ಸರ್ ಜಾರ್ಜ್ ಸೀಮೂರ್, ಕ್ರೆಸ್ಸಿ ಎಂಬ ನಾಲ್ಕು ಹಡಗುಗಳ ಪ್ರಯಾಣಿಕರ ಪಟ್ಟಿಯೇ ಅವರ ತಳಿದಾಖಲೆ. ಕುದುರೆಗೆ ನಾಲ್ಕು ತಲೆಮಾರು, ಮನುಷ್ಯನಿಗೆ ನಾಲ್ಕು ಹಡಗು. ಆ ಹಡಗುಗಳಲ್ಲಿ ಮೇಲಿನ ಕೋಣೆಗಳಲ್ಲಿ ಬಂದವರು ‘ವಸಾಹತಿಗರು’, ಕೆಳಗಿನ ಕತ್ತಲಲ್ಲಿ ಬಂದವರು ಬರೀ ‘ವಲಸಿಗರು’ ಎಂದು ಬೇರೆಬೇರೆ ಬರೆದುಕೊಂಡಿದ್ದರು. ಹಡಗಿನ ಹೆಸರು ಹೇಳುವ ಮೊಮ್ಮಕ್ಕಳನ್ನು ಯಾವ ಅಂತಸ್ತು ಎಂದು ಕೇಳಬಾರದು. ಕುಲೀನ ಮರಿಯ ಮಾಲೀಕನನ್ನು ಅದರ ಮುತ್ತಜ್ಜಿ ಯಾರ ಹೊಲ ಉಳುತ್ತಿದ್ದಳೆಂದು ಕೇಳುವುದು ಹೇಗೆ ಅಸಭ್ಯವೋ ಇದೂ ಹಾಗೆಯೇ.