ಎಷ್ಟು ಕೊಡತ್ತೆ ಸಾರ್?

ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾದು ಕುಳಿತ ಗಂಡಸರ ಮಾತಿಗೆ ಒಮ್ಮೆ ಕಿವಿ ಕೊಡಿ. ಮಳೆ-ಬೆಳೆ ಮುಗಿಯುತ್ತದೆ, ರಾಜಕೀಯ ಮುಗಿಯುತ್ತದೆ, ಮಕ್ಕಳ ಪರ್ಸೆಂಟೇಜೂ ಮುಗಿಯುತ್ತದೆ. ಆಮೇಲೆ ಒಬ್ಬರು ಶಾಮಿಯಾನದಾಚೆ ನಿಂತ ಕಾರಿನ ಕಡೆ ಗದ್ದ ಎತ್ತಿ, 'ನಿಮ್ದಾ? ಎಷ್ಟು ಕೊಡತ್ತೆ?' ಎಂದು ಕೇಳಿಯೇ ಕೇಳುತ್ತಾರೆ. ಸಂಬಳ ಕೇಳಿದರೆ ಕಮ್ಮಿ ಹೇಳುವ, ವಯಸ್ಸು ಕೇಳಿದರೆ ಇನ್ನೂ ಕಮ್ಮಿ ಹೇಳುವ ನಮ್ಮ ಜನ ಮೈಲೇಜಿನ ವಿಷಯಕ್ಕೆ ಬಂದರೆ ಮಾತ್ರ ಕರ್ಣನ ವಂಶಸ್ಥರಾಗಿಬಿಡುತ್ತಾರೆ. 'ಹೈವೇನಲ್ಲಿ ಇಪ್ಪತ್ತೆರಡಕ್ಕೆ ಮೋಸ ಇಲ್ಲ ಸಾರ್!'

ನನ್ನ ಷಡ್ಡಕರೊಬ್ಬರಿದ್ದಾರೆ. ಅವರದೂ ನನ್ನದೂ ಒಂದೇ ಕಂಪನಿ, ಒಂದೇ ಮಾಡೆಲ್ಲು. ನಾನು ಹದಿನಾರು ಎಂದರೆ ಅವರು ಹದಿನೆಂಟು ಎನ್ನುತ್ತಾರೆ. ಮುಂದಿನ ಹಬ್ಬಕ್ಕೆ ನಾನೂ ಹದಿನೆಂಟು ಎಂದರೆ ಅಷ್ಟರಲ್ಲಿ ಅವರದು ಇಪ್ಪತ್ತಕ್ಕೆ ಏರಿರುತ್ತದೆ. ನಮ್ಮಿಬ್ಬರ ಹೆಂಡತಿಯರು ಅಡುಗೆಮನೆಯಲ್ಲಿ, 'ಇನ್ನೆರಡು ಯುಗಾದಿ ಕಳೆದರೆ ಇವರ ಕಾರುಗಳು ಪೆಟ್ರೋಲೇ ಇಲ್ಲದೆ ಓಡ್ತಾವೆ' ಎಂದು ನಗುತ್ತಾರೆ.

ಹಾಗೆ ನೋಡಿದರೆ ಕಂಪನಿಯವರು ಕೊಡುವ ಅಂಕಿ ಸುಳ್ಳೇನಲ್ಲ. ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಎಸಿ ಬಂದ್ ಮಾಡಿ, ಗೊತ್ತುಮಾಡಿದ ವೇಗದಲ್ಲಿ ಓಡಿಸಿ ಅಳೆದ ಲೆಕ್ಕ ಅದು. ಆ ಉರುಳೆಗಳ ಮೇಲೆ ಸಿಲ್ಕ್ ಬೋರ್ಡ್ ಜಂಕ್ಷನ್ ಬರುವುದಿಲ್ಲ. ಹೆಜ್ಜೆಗೊಂದು ಹಂಪ್ ಇಲ್ಲ, ರಾಂಗ್ ಸೈಡಿನಲ್ಲಿ ನುಗ್ಗುವ ಹಾಲಿನ ಟೆಂಪೋ ಇಲ್ಲ. ಹಿಂದಿನ ಸೀಟಿನಲ್ಲಿ ಅತ್ತೆ-ಮಾವ ಇಲ್ಲ, ಡಿಕ್ಕಿಯಲ್ಲಿ ಊರಿನ ತೆಂಗಿನಕಾಯಿ ಮೂಟೆಯೂ ಇಲ್ಲ. ಬ್ರಹ್ಮಚಾರಿ ಕಾರಿನ ಮೈಲೇಜನ್ನು ಸಂಸಾರಿ ಕಾರಿನಿಂದ ಕೇಳುವುದು ನಮ್ಮದೇ ತಪ್ಪು.

ಸಂಸಾರಿಯ ಕಣ್ಣೆಲ್ಲ ಇರುವುದು ಡ್ಯಾಶ್‌ಬೋರ್ಡಿನ ಆ ಮುಳ್ಳಿನ ಮೇಲೆ. ಕಾರಿನಲ್ಲಿ ಅದರಷ್ಟು ಮುಖಸ್ತುತಿ ಮಾಡುವ ಭಾಗ ಇನ್ನೊಂದಿಲ್ಲ. ಟ್ಯಾಂಕ್ ಫುಲ್ ಮಾಡಿಸಿ ಬೆಂಗಳೂರು ಬಿಟ್ಟಿರಿ ಅನ್ನಿ. ರಾಮನಗರ ದಾಟಿದರೂ 'ಎಫ್' ಬಿಟ್ಟು ಅದು ಅಲ್ಲಾಡದೇ ಇರಬಹುದು. 'ನೋಡು, ಹೇಗೆ ಓಡಿಸ್ತೀನಿ' ಎಂದು ನೀವು ಹೆಂಡತಿಗೆ ಹೇಳಿಯೂ ಆಗಿರುತ್ತದೆ. ಅರ್ಧಕ್ಕೆ ಬಂದ ಮೇಲೆ ನೋಡಬೇಕು ಅದರ ಓಟ! ಮೊದಲರ್ಧಕ್ಕೆ ಸಿಕ್ಕ ಕಿಲೋಮೀಟರು ಎರಡನೇ ಅರ್ಧಕ್ಕೆ ಸಿಗುವುದೇ ಇಲ್ಲ. ಆಗ ಬೈಗುಳ ತಿನ್ನುವವನು ಬಂಕಿನ ಹುಡುಗ, 'ಕಮ್ಮಿ ಹಾಕಿದಾನೆ ಕಳ್ಳ!'

ಪಾಪ, ಅವನೇನೂ ಮಾಡಿರುವುದಿಲ್ಲ. ಟ್ಯಾಂಕಿನೊಳಗೆ ಪೆಟ್ರೋಲಿನ ಮೇಲೆ ತೇಲುವ ಒಂದು ಫ್ಲೋಟ್ ಇದೆ. ಅದಕ್ಕೆ ಹೊಂದಿಸಿದ ಕಂಬಿ ಮೇಲೆ ಕೆಳಗೆ ಆಡುವಾಗ ಒಂದು ಪಟ್ಟಿಯನ್ನು ಸವರುತ್ತ ವಿದ್ಯುತ್ತಿನ ತಡೆಯನ್ನು ಏರಿಸಿ ಇಳಿಸುತ್ತದೆ. ಮುಳ್ಳಿಗೆ ತಲುಪುವ ಸುದ್ದಿ ಅಷ್ಟೇ. ಟ್ಯಾಂಕು ತುಂಬುವ ಮೊದಲೇ ಫ್ಲೋಟು ತನ್ನ ಮೇಲಿನ ಗಡಿ ಮುಟ್ಟಿ ನಿಂತುಬಿಡುತ್ತದೆ. ಅದರ ಮೇಲೆ, ಕತ್ತಿನವರೆಗೆ, ಇನ್ನಷ್ಟು ಪೆಟ್ರೋಲು ಇರುತ್ತದಲ್ಲ, ಅದು ಖರ್ಚಾಗುವವರೆಗೂ ಮುಳ್ಳಿಗೆ ಏನೂ ಗೊತ್ತಾಗುವುದಿಲ್ಲ. ಸಾಲದ್ದಕ್ಕೆ ಕಾರಿನ ಟ್ಯಾಂಕು ಚೌಕದ ಡಬ್ಬವಲ್ಲ. ಹಿಂದಿನ ಸೀಟಿನ ಕೆಳಗೆ, ಸೈಲೆನ್ಸರ್ ಪೈಪು, ಆಕ್ಸಲ್ಲು ಎಲ್ಲ ಬಿಟ್ಟು ಉಳಿದ ಜಾಗಕ್ಕೆ ತುರುಕಿದ ಅಂಕುಡೊಂಕು ಪಾತ್ರೆ. ಒಂದು ಅಂಗುಲ ಇಳಿಯಲು ಒಂದು ಕಡೆ ಹೆಚ್ಚು ಪೆಟ್ರೋಲು ಬೇಕು, ಇನ್ನೊಂದು ಕಡೆ ಕಡಿಮೆ ಸಾಕು. ಫ್ಲೋಟಿಗೆ ಗೊತ್ತಿರುವುದು ಎತ್ತರ ಮಾತ್ರ, ಲೀಟರಲ್ಲ. ಕಾರನ್ನು ಇಳಿಜಾರಿನಲ್ಲಿ ನಿಲ್ಲಿಸಿ ಸ್ಟಾರ್ಟ್ ಮಾಡಿ ನೋಡಿ, ಅದೇ ಪೆಟ್ರೋಲಿಗೆ ಮುಳ್ಳು ಬೇರೆಯೇ ಜಾಗ ತೋರಿಸುತ್ತದೆ. ಈಗಿನ ಕಾರುಗಳಲ್ಲಿ ನಡುವೆ ಒಂದು ಕಂಪ್ಯೂಟರು ಕುಳಿತು ಸರಾಸರಿ ತೆಗೆಯುವುದರಿಂದ ತಿರುವಿನಲ್ಲಿ ಮುಳ್ಳು ಕುಣಿಯುವುದಿಲ್ಲ, ಅಷ್ಟೇ ಉಪಕಾರ.

ಆ ಮಟ್ಟಿಗೆ ಹಳೆಯ ಚೇತಕ್ ಸ್ಕೂಟರಿನ ಕಾಲವೇ ಪ್ರಾಮಾಣಿಕ ಎನ್ನಬೇಕು. ಮೀಟರಿಲ್ಲ, ಮುಳ್ಳಿಲ್ಲ. ಸೀಟೆತ್ತಿ, ಮುಚ್ಚಳ ತೆಗೆದು, ಒಂದು ಕಣ್ಣು ಮುಚ್ಚಿ ಒಳಗೆ ಇಣುಕುವುದು, ಗಾಡಿ ಅಲ್ಲಾಡಿಸಿ ಗುಳುಗುಳು ಶಬ್ದ ಕೇಳುವುದು. ನಡುರಸ್ತೆಯಲ್ಲಿ ನಿಂತರೆ ನಾಬ್ ತಿರುಗಿಸಿ ರಿಸರ್ವ್‌ಗೆ ಹಾಕುವುದು. ಅಲ್ಲೂ ಮುಗಿದಿದ್ದರೆ ಸ್ಕೂಟರನ್ನು ಪಕ್ಕಕ್ಕೆ ಪೂರಾ ಬಗ್ಗಿಸಿ, ದೇವರ ಹೆಸರು ಹೇಳಿ ಕಿಕ್ ಹೊಡೆಯುವುದು. ಬಗ್ಗಿಸಿದ ಸ್ಕೂಟರು ಬಂಕಿನವರೆಗೂ ಬರುತ್ತಿತ್ತು. ಕಾರನ್ನು ಯಾರು ಬಗ್ಗಿಸುವುದು?

ಮುಳ್ಳಿನ ಪಕ್ಕದಲ್ಲೇ ಪಂಪಿನ ಚಿತ್ರ, ಅದರ ಮಗ್ಗುಲಲ್ಲಿ ಪುಟ್ಟದೊಂದು ತ್ರಿಕೋನ ಇರುತ್ತದೆ. ವರ್ಷಗಟ್ಟಲೆ ಕಾರು ಓಡಿಸಿದವರೂ ಅದನ್ನು ಗಮನಿಸಿರುವುದಿಲ್ಲ. ಪೆಟ್ರೋಲ್ ಮುಚ್ಚಳ ಯಾವ ಕಡೆ ಇದೆ ಎಂದು ಹೇಳುವ ಬಾಣ ಅದು. 1986ರಲ್ಲಿ ಅಮೆರಿಕದ ಫೋರ್ಡ್ ಕಂಪನಿಯ ಜಿಮ್ ಮೊಯ್ಲನ್ ಎಂಬ ಎಂಜಿನಿಯರ್ ಕಂಪನಿಯ ಕಾರಿಗೆ ಪೆಟ್ರೋಲು ತುಂಬಲು ಹೋದ. ಮಳೆ ಬರುತ್ತಿತ್ತು, ಮುಚ್ಚಳ ಆಚೆ ಕಡೆ ಇತ್ತು, ಆಸಾಮಿ ತೊಯ್ದು ತೊಪ್ಪೆಯಾದ. ನಾವಾಗಿದ್ದರೆ ಮಳೆಗೆ ನಾಲ್ಕು ಬೈದು, ಶುಂಠಿ ಕಾಫಿ ಕುಡಿದು ಮರೆಯುತ್ತಿದ್ದೆವು. ಅವನು ಆಫೀಸಿಗೆ ಮರಳಿದವನೇ, ಮುಳ್ಳಿನ ಪಕ್ಕ ಒಂದು ಬಾಣ ಇಟ್ಟರೆ ಹೇಗೆ ಎಂದು ಮೇಲಿನವರಿಗೆ ಬರೆದ. 1989ರ ಮಾಡೆಲ್ ಎಸ್ಕಾರ್ಟ್ ಕಾರಿಗೆ ಅದು ಬಂದೂಬಿಟ್ಟಿತು. ಆಮೇಲೆ ಲೋಕದ ಕಾರುಗಳೆಲ್ಲ ನಕಲು ಹೊಡೆದವು. ಇಷ್ಟಾದರೂ ಭಾವನ ಕಾರು ಕೇಳಿ ತಂದವರು ಬಂಕಿನಲ್ಲಿ ಇಳಿದು ಕಾರಿಗೆ ಒಂದು ಪ್ರದಕ್ಷಿಣೆ ಹಾಕುವುದು ತಪ್ಪಿಲ್ಲ. ಓದುವುದು ನಿಲ್ಲಿಸಿ ನಿಮ್ಮ ಕಾರಿನಲ್ಲಿ ನೋಡಿಬರಬೇಕು ಅನ್ನಿಸಿದರೆ ಹೋಗಿಬನ್ನಿ, ನಾನು ಕಾಯುತ್ತೇನೆ.

ಹಳದಿ ದೀಪ ಹತ್ತಿದಾಗ ಹುಟ್ಟಿಕೊಳ್ಳುವ ಶೂರರದ್ದು ಇನ್ನೊಂದು ಪಂಗಡ. 'ದೀಪ ಬಂದ ಮೇಲೂ ಐವತ್ತು ಕಿಲೋಮೀಟರ್ ಓಡಿಸಿದೀನಿ ಕಣ್ರೀ' ಎನ್ನುವಾಗ ಅವರ ಮುಖದಲ್ಲಿ ಕಾರ್ಗಿಲ್‌ನಿಂದ ಬಂದ ಕಳೆ ಇರುತ್ತದೆ. ದೀಪ ಹತ್ತಿದಾಗ ಟ್ಯಾಂಕಿನಲ್ಲಿ ಕೆಲವು ಲೀಟರು ಉಳಿದಿರುವುದು ನಿಜ, ಎಷ್ಟೆಂದು ಕಾರಿನ ಜೊತೆ ಬಂದ ಪುಸ್ತಕದಲ್ಲಿದೆ. ಆ ಪುಸ್ತಕ ಪ್ಲಾಸ್ಟಿಕ್ ಕವರ್ ಸಮೇತ ಗ್ಲೋವ್ ಬಾಕ್ಸಿನಲ್ಲಿ ನಿದ್ದೆ ಮಾಡುತ್ತಿದೆ, ಎಬ್ಬಿಸಿ ನೋಡಿ. ಆದರೆ ಈಗಿನ ಕಾರುಗಳ ಪಂಪು ಇರುವುದು ಟ್ಯಾಂಕಿನೊಳಗೇ. ಅದನ್ನು ತಣ್ಣಗಿಡುವುದೂ ಆ ಪೆಟ್ರೋಲೇ. ದಿನವೂ ತಳ ಕೆರೆಯುವವರೆಗೆ ಓಡಿಸುತ್ತಿದ್ದರೆ ಪಂಪಿನ ಆಯುಸ್ಸು ಕರಗುತ್ತದೆ, ಉಳಿಸಿದ್ದೆಲ್ಲ ಮೆಕ್ಯಾನಿಕ್ಕಿನ ಪಾಲು.

'ಇನ್ನು ಇಷ್ಟು ಕಿಲೋಮೀಟರ್ ಹೋಗಬಹುದು' ಎಂದು ತೋರಿಸುವ ಅಂಕಿಯನ್ನೂ ಪಂಚಾಂಗದಂತೆ ನಂಬಬೇಡಿ. ಸ್ವಲ್ಪ ಹೊತ್ತಿನಿಂದ ನೀವು ಹೇಗೆ ಓಡಿಸಿದಿರೋ ಮುಂದೆಯೂ ಹಾಗೆಯೇ ಓಡಿಸುತ್ತೀರಿ ಎಂಬ ಲೆಕ್ಕ ಅದು. ಉಜಿರೆಯಿಂದ ಚಾರ್ಮಾಡಿ ಘಾಟಿ ಹತ್ತುವಾಗ ಅಂಕಿ ದಬದಬ ಬೀಳುತ್ತದೆ. ಕೊಟ್ಟಿಗೆಹಾರದಿಂದ ಇಳಿಯುವಾಗ ಏರುತ್ತಲೇ ಹೋಗುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲು ಹುಟ್ಟುತ್ತಿಲ್ಲ ಸ್ವಾಮಿ, ಘಾಟಿ ಇಳಿಯುತ್ತಿದೆ.

ಇನ್ನು ಬಂಕು. 'ಝೀರೋ ನೋಡಿ ಸಾರ್' ಎಂದು ಹುಡುಗ ಕೂಗುವಾಗ ನಾವು ಮೊಬೈಲ್ ನೋಡುತ್ತಿರುತ್ತೇವೆ. ಅವನು ಹಾಕಿ ಮುಗಿಸಿದ ಮೇಲೆ, 'ಝೀರೋ ಇತ್ತೇನಪ್ಪಾ?' ಎಂದು ಕೇಳುತ್ತೇವೆ. ಇಲ್ಲ ಎನ್ನುತ್ತಾನೆಯೇ? ನಮ್ಮ ಪೈಕಿ ಜಾಣರು, ರೌಂಡ್ ಫಿಗರಿಗೆ ಯಂತ್ರ ಕಮ್ಮಿ ಹಾಕುತ್ತದೆಂದು ಐನೂರಕ್ಕೆ ಹಾಕಿಸುವುದಿಲ್ಲ, ಐನೂರ ಇಪ್ಪತ್ತಕ್ಕೆ ಹಾಕಿಸುತ್ತಾರೆ. ಯಂತ್ರ ಅಳೆಯುವುದು ಲೀಟರನ್ನು, ಆಮೇಲೆ ದರದಿಂದ ಗುಣಿಸುತ್ತದೆ. ಯಂತ್ರದಲ್ಲಿ ಮೋಸವಿದ್ದರೆ ಐನೂರ ಇಪ್ಪತ್ತಕ್ಕೂ ಇರುತ್ತದೆ. ಅನುಮಾನವಿದ್ದವರಿಗೆಂದೇ ಪ್ರತಿ ಬಂಕಿನಲ್ಲೂ ಮುದ್ರೆ ಒತ್ತಿದ ಐದು ಲೀಟರಿನ ಅಳತೆ ಪಾತ್ರೆ ಇರಬೇಕು, ಕೇಳಿದವರಿಗೆ ಅಳೆದು ತೋರಿಸಬೇಕು. ಐದು ಲೀಟರಿಗೆ 25 ಮಿಲಿ ಆಚೀಚೆ ಆದರೆ ಸರಿ, ಅದಕ್ಕಿಂತ ಹೆಚ್ಚು ಕಡಿಮೆಯಾದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ಈ ಹಕ್ಕು ಚಲಾಯಿಸಿದವರನ್ನು ನಾನಂತೂ ಕಂಡಿಲ್ಲ. ಹಿಂದೆ ನಿಂತ ಆಟೋದವನ ಹಾರ್ನು ಯಾವ ಇಲಾಖೆಗಿಂತಲೂ ದೊಡ್ಡದು.

ಬೆಳಗಿನ ತಂಪಿನಲ್ಲಿ ಹಾಕಿಸಿದರೆ ಹೆಚ್ಚು ಬರುತ್ತದೆ ಎಂದು ನಸುಕಿಗೇ ಎದ್ದು ಹೋಗುವ ಭಕ್ತರಿದ್ದಾರೆ. ಒಂದು ಡಿಗ್ರಿ ಕಾವಿಗೆ ಪೆಟ್ರೋಲು ಹಿಗ್ಗುವುದು ಸಾವಿರಕ್ಕೆ ಹೆಚ್ಚುಕಡಿಮೆ ಒಂದು ಪಾಲು. ಬಂಕಿನ ತೊಟ್ಟಿ ಇರುವುದು ನೆಲದಡಿ, ಅಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಒಂದು ಡಿಗ್ರಿ ಇದೆ ಎಂದೇ ಇಟ್ಟುಕೊಳ್ಳಿ, ಮೂವತ್ತು ಲೀಟರಿಗೆ ಮೂವತ್ತು ಮಿಲಿ. ಬೈಟು ಕಾಫಿಯೂ ಇದಕ್ಕಿಂತ ಹೆಚ್ಚು ಬರುತ್ತದೆ.

ನಾಝಲ್‌ನ ತುದಿಯನ್ನು ಹತ್ತಿರದಿಂದ ನೋಡಿದ್ದೀರಾ? ಅಲ್ಲೊಂದು ಸಣ್ಣ ತೂತಿದೆ. ಪೆಟ್ರೋಲು ರಭಸದಿಂದ ಹರಿಯುವಾಗ ಆ ತೂತಿನಿಂದ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತಿರುತ್ತದೆ. ಪೆಟ್ರೋಲು ಮೇಲೇರಿ ತೂತನ್ನು ಮುಚ್ಚಿದ ಕ್ಷಣ ಗಾಳಿ ನಿಲ್ಲುತ್ತದೆ, ಒಳಗಿನ ಪೊರೆಯೊಂದು ಸೆಳೆತಕ್ಕೆ ಸಿಕ್ಕಿ 'ಟಕ್' ಎಂದು ಬಾಯಿ ಮುಚ್ಚುತ್ತದೆ. ಕರೆಂಟಿಲ್ಲ, ಕಂಪ್ಯೂಟರಿಲ್ಲ. ಇಂಥ ಅಚ್ಚುಕಟ್ಟು ಕೆಲಸಕ್ಕೆ ನಾವು ಕೊಡುವ ಮರ್ಯಾದೆ, 'ಸಾರ್, ರೌಂಡ್ ಫಿಗರ್ ಮಾಡ್ಲಾ?' ಚಿಲ್ಲರೆಯ ಕಾಟವಿದ್ದ ಕಾಲದಲ್ಲಿ ಅದಕ್ಕೊಂದು ಅರ್ಥವಿತ್ತು. ಫೋನಿನಲ್ಲಿ ಪೈಸೆ ಸಮೇತ ಕಳಿಸುವ ಈಗಲೂ ಕಾರು ಅಲ್ಲಾಡಿಸಿ ಕತ್ತಿನ ತನಕ ತುಂಬಿಸುತ್ತೇವೆ. ಟ್ಯಾಂಕಿನ ಆವಿಯನ್ನು ಹಿಡಿದಿಡಲು ಇದ್ದಿಲು ತುಂಬಿದ ಒಂದು ಡಬ್ಬಿ ಇರುತ್ತದೆ. ಹೆಚ್ಚಾದದ್ದು ಅಲ್ಲಿಗೆ ನುಗ್ಗಿ ಅದನ್ನು ಹಾಳುಮಾಡುತ್ತದೆ. ಟಕ್ ಎಂದರೆ ಸಾಕು ಎಂದರ್ಥ.

ಒಂದು ಸಡಗರ ಮಾತ್ರ ಈಗ ತಪ್ಪಿಹೋಗಿದೆ. 'ಮಧ್ಯರಾತ್ರಿಯಿಂದ ಪೆಟ್ರೋಲ್ ದರ ಏರಿಕೆ' ಎಂದು ಟಿವಿಯಲ್ಲಿ ಬಂದದ್ದೇ ತಡ, ಊಟ ಅರ್ಧಕ್ಕೆ ಬಿಟ್ಟು ಬಂಕಿಗೆ ಓಡಿ, ಕ್ಯೂನಲ್ಲಿ ಎಂಜಿನ್ ಆಫ್ ಮಾಡದೆ ನಿಂತು, ಲೀಟರಿಗೆ ಎರಡು ರೂಪಾಯಿ ಉಳಿಸಿ ಬರುತ್ತಿದ್ದೆವಲ್ಲ, ಅದು. 2017ರ ಜೂನ್ 16ರಿಂದ ದಿನವೂ ಬೆಳಿಗ್ಗೆ ಆರಕ್ಕೆ ದರ ಬದಲಿಸುವ ಪದ್ಧತಿ ಬಂದು ಆ ಜಾತ್ರೆ ನಿಂತಿತು. ಕಾಸರಗೋಡಿನವರಿಗೆ ಮಾತ್ರ ಕೇರಳಕ್ಕಿಂತ ನಮ್ಮ ಕಡೆ ಅಗ್ಗವೆಂದು ತಲಪಾಡಿ ದಾಟಿ ಬಂದು ತುಂಬಿಸಿಕೊಳ್ಳುವ ಅವಕಾಶ ಉಳಿದಿದೆ.

ಓಡಿಸುವ ವಿಷಯಕ್ಕೆ ಬಂದರೆ ನಮ್ಮ ಷಡ್ಡಕರ ಬ್ರಹ್ಮಾಸ್ತ್ರ ನ್ಯೂಟ್ರಲ್. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಗೇರು ತೆಗೆದು, 'ನೋಡಿ, ಪುಕ್ಕಟೆ ಓಡ್ತಾ ಇದೆ' ಎನ್ನುತ್ತಾರೆ. ಕಾರ್ಬ್ಯುರೇಟರಿನ ಅಂಬಾಸಿಡರ್ ಕಾಲದ ಬುದ್ಧಿ ಅದು. ಈಗಿನ ಕಾರಿನಲ್ಲಿ ಗೇರು ಹಾಕಿಯೇ ಆಕ್ಸಿಲರೇಟರ್ ಬಿಟ್ಟರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಇಂಜೆಕ್ಟರು ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್ಲಿಗೆ ಹಾಕಿದಿರೋ, ಎಂಜಿನ್ ಆಫ್ ಆಗದಿರಲೆಂದು ಅದು ಮತ್ತೆ ಪೆಟ್ರೋಲು ಕುಡಿಯತೊಡಗುತ್ತದೆ. ಖರ್ಚೂ ಹೆಚ್ಚು, ಇಳಿಜಾರಿನ ಭಾರವೆಲ್ಲ ಬ್ರೇಕಿನ ಮೇಲೆ. ಇದನ್ನು ಹೇಳಿದರೆ, 'ನಿಮಗೇನ್ರೀ ಗೊತ್ತು, ಇಪ್ಪತ್ತು ವರ್ಷದಿಂದ ಓಡಿಸ್ತಿದೀನಿ' ಎಂಬ ಉತ್ತರ ಸಿದ್ಧವಿದೆ.

ಮೈಸೂರು ಹೆದ್ದಾರಿಯಲ್ಲಿ ಅವರ ಇನ್ನೊಂದು ಅವತಾರ. ವೇಗ ಹೆಚ್ಚಿದಂತೆ ಎದುರುಗಾಳಿಯ ತಡೆ ಅದರ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. 80ರಿಂದ 100ಕ್ಕೆ ಹೋದರೆ ತಡೆ ಒಂದೂವರೆ ಪಟ್ಟಿಗೂ ಮಿಗಿಲು. 119 ಕಿಲೋಮೀಟರಿನ ಆ ದಾರಿಯನ್ನು 80ರಲ್ಲಿ ಹೋಗುವ ಬದಲು 100ರಲ್ಲಿ ಹೋದರೆ ಉಳಿಯುವುದು ಹದಿನೆಂಟು ನಿಮಿಷ. ಹಾಗೆ ಉಳಿಸಿದ ಹದಿನೆಂಟು ನಿಮಿಷವನ್ನೂ, ಅದರ ಮೇಲೆ ಇನ್ನರ್ಧ ಗಂಟೆಯನ್ನೂ ಅವರು ಮದ್ದೂರು ವಡೆಯ ಮುಂದೆ ಕಳೆಯುತ್ತಾರೆ. ಊರೊಳಗಿನ ಕಥೆ ಬೇರೆ. ಅಲ್ಲಿ ಪೆಟ್ರೋಲು ತಿನ್ನುವುದು ಬ್ರೇಕು. ಮುಂದೆ ಕೆಂಪು ದೀಪ ಕಾಣುತ್ತಿದ್ದರೂ ಆಕ್ಸಿಲರೇಟರ್ ತುಳಿದು, ಗೆರೆಯ ಹತ್ತಿರ ಗಕ್ಕನೆ ಹಿಡಿಯುವವರು ಕಾಸು ಕೊಟ್ಟು ಕೊಂಡ ವೇಗವನ್ನು ಬ್ರೇಕಿನ ಬಿಸಿಗೆ ಸುಡುತ್ತಾರೆ. ಕಾಲನ್ನು ಸ್ವಲ್ಪ ಮೊದಲೇ ಎತ್ತಿದರಾಯಿತು. ಸಿಗ್ನಲ್ಲಿನಲ್ಲಿ ನೂರಿಪ್ಪತ್ತು ಸೆಕೆಂಡು ಎಣಿಕೆ ಕಂಡರೆ ಎಂಜಿನ್ ಆಫ್ ಮಾಡಿ. ಹಿಂದಿನವನು ತೊಂಬತ್ತಕ್ಕೇ ಹಾರ್ನು ಹೊಡೆಯುತ್ತಾನೆ, ಹೊಡೆದುಕೊಳ್ಳಲಿ.

ಇಷ್ಟೆಲ್ಲ ಮಾಡಿದರೂ ಅಂಕಿ ಕೊಂಚ ಇಳಿದರೆ ಕಾರನ್ನು ಬೈಯಬೇಡಿ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಪ್ರಧಾನಿ ಚಾಲನೆ ಕೊಟ್ಟ ಇ20 ಈಗ ಎಲ್ಲ ಕಡೆಯೂ ಬಂದಿದೆ, ಐದರಲ್ಲಿ ಒಂದು ಪಾಲು ಎಥೆನಾಲ್. ಲೀಟರಿಗೆ ಲೀಟರು ನೋಡಿದರೆ ಎಥೆನಾಲಿನ ಕಸುವು ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ. ಅದಕ್ಕೆಂದು ಮಾಡದ ಹಳೆಯ ಕಾರುಗಳಲ್ಲಿ ನೂರಕ್ಕೆ ಆರೇಳರಷ್ಟು ಮೈಲೇಜು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಲೋಕದ ಕಾರುಗಳದೆಲ್ಲ ಇಳಿಯುವಾಗ ನಮ್ಮ ಷಡ್ಡಕರದು ಏರುತ್ತಿರುವುದು ಪವಾಡ.

ಪವಾಡ ಪರೀಕ್ಷಿಸಲು ಸುಲಭದ ದಾರಿ ಇದೆ. ಮೊದಲ 'ಟಕ್'ವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲ ಅದೇ ಬಂಕಿನಲ್ಲಿ ಮತ್ತೆ ಮೊದಲ 'ಟಕ್'ವರೆಗೆ ತುಂಬಿಸಿ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. 412 ಕಿಲೋಮೀಟರಿಗೆ 25.8 ಲೀಟರು ಹಿಡಿದರೆ ಹದಿನಾರು. ನಾಲ್ಕು ಸಲ ಹೀಗೆ ಮಾಡಿ ಸರಾಸರಿ ತೆಗೆದರೆ ನಿಜ ಹೊರಬೀಳುತ್ತದೆ. ಷಡ್ಡಕರಿಗೆ ಹೇಳಿ ನೋಡಿದೆ. 'ಅಯ್ಯೋ ಬಿಡ್ರೀ, ಕಾರನ್ನ ಅಷ್ಟೆಲ್ಲ ಅನುಮಾನಿಸಬಾರದು' ಎಂದರು.

ನಿಮಗೆ ಅಂಥ ಧರ್ಮಸಂಕಟ ಇಲ್ಲವಾದರೆ ಒಂದು ಮಾತು. ಬಂಕಿನಲ್ಲಿ ಪುಕ್ಕಟೆ ಕೊಡಲೇಬೇಕಾದ ವಸ್ತುವೊಂದಿದೆ, ಗಾಳಿ. ಟೈರಿನಲ್ಲಿ ಅದು ಕಡಿಮೆಯಿದ್ದರೆ ಕಾರು ನೆಲವನ್ನು ಉಜ್ಜಿಕೊಂಡೇ ಓಡುತ್ತದೆ, ಪೆಟ್ರೋಲು ಹೆಚ್ಚು ಕುಡಿಯುತ್ತದೆ. ಎಷ್ಟು ಹಾಕಿಸಬೇಕೆಂಬುದು ಡ್ರೈವರ್ ಬಾಗಿಲು ತೆರೆದರೆ ಅಲ್ಲೇ ಚೀಟಿಯಲ್ಲಿದೆ. ಟೈರು ಬಿಸಿಯಾಗುವ ಮೊದಲು, ಮನೆಗೆ ಹತ್ತಿರದ ಬಂಕಿನಲ್ಲೇ ಹಾಕಿಸಿ. ಹಾಗೆಯೇ ಡಿಕ್ಕಿ ತೆಗೆದು ಸ್ಟೆಪ್ನಿಗೂ ಹಿಡಿಸಿ. ಪಾಪ, ಅದನ್ನು ಕೇಳುವವರೇ ಇಲ್ಲ.