‘ಅಳಿಸಬೇಡಿ’ ಎಂದು ಬರೆದು ಹೋದವರಿಗೆ

ಸೆಕ್ಟರ್ ಫೈವ್, ಸಾಲ್ಟ್ ಲೇಕ್, ಕೋಲ್ಕತ್ತಾ
ದುರ್ಗಾಪೂಜೆಯ ನವಮಿ, ಬೆಳಗಿನ 8 ಗಂಟೆ

ಹೆಸರು ತಿಳಿಯದ ಮಹನೀಯರೇ,

ಇತ್ತ ಕಡೆ ಕ್ಷೇಮ ಎಂದು ಕಾಗದ ಶುರು ಮಾಡುವುದು ನಮ್ಮ ಕಡೆಯ ವಾಡಿಕೆ. ಇತ್ತ ಕಡೆ ಶೇಕಡಾ 99. ಬೆಳಗಿನ ಜಾವ ನಾಲ್ಕೂವರೆಯಿಂದಲೂ ಶೇಕಡಾ 99. ಪರದೆಯ ಮೇಲಿನ ಆ ನೀಲಿ ಪಟ್ಟಿ ಇನ್ನೊಂದು ಕೂದಲೆಳೆ ಮುಂದೆ ಹೋದರೆ ನಾನು ಮನೆಗೆ ಹೋಗುತ್ತೇನೆ. ಅದು ಹೋಗುತ್ತಿಲ್ಲವಾದ್ದರಿಂದ ನಿಮಗೆ ಬರೆಯುತ್ತಿದ್ದೇನೆ.

ನೀವು ಯಾರೆಂದು ನನಗೆ ಗೊತ್ತಿಲ್ಲ. ಎಲ್ಲರೂ ಒಂದೇ ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಒಳಗೆ ಹೋಗುವ ಆಫೀಸು ನಮ್ಮದು. ಯಾರು ಯಾವಾಗ ಏನು ಮಾಡಿದರು ಎಂಬ ದಾಖಲೆ 30 ದಿನಕ್ಕೆ ತಾನಾಗಿಯೇ ಅಳಿಸಿಹೋಗುತ್ತದೆ. ಅಳಿಸಬಾರದ್ದು ಅಳಿಯುತ್ತದೆ, ಅಳಿಸಬೇಕಾದ್ದು ಕೂತಿರುತ್ತದೆ. ನೀವು ಬಿಟ್ಟುಹೋದದ್ದು ಒಂದೇ ಕುರುಹು: ಲೆಕ್ಕಪತ್ರದ ಸರ್ವರ್‌ಗೆ 2022ರ ಮಾರ್ಚ್‌ನಲ್ಲಿ ತೆಗೆದ ಒಂದು ಸ್ನ್ಯಾಪ್‌ಶಾಟ್. ಅದರ ಹೆಸರು, ‘ಬಿಫೋರ್ ಪ್ಯಾಚ್ – ಟೆಂಪರರಿ – ಡು ನಾಟ್ ಡಿಲೀಟ್’.

ಟೆಂಪರರಿ! ಮಾರಾಯರೇ, ಇಲ್ಲಿ ದುರ್ಗೆಯನ್ನೇ ಟೆಂಪರರಿಯಾಗಿ ಇಡುತ್ತಾರೆ. ತಿಂಗಳುಗಟ್ಟಲೆ ಬಿದಿರು ಕಟ್ಟಿ, ಜೇಡಿಮಣ್ಣು ಮೆತ್ತಿ, ಲಕ್ಷಗಟ್ಟಲೆ ಸುರಿದು ಕೂರಿಸಿದ ತಾಯಿಯನ್ನು ದಶಮಿ ಬಂತೆಂದರೆ ಕಣ್ಣೀರು ಹಾಕಿಕೊಂಡಾದರೂ ಗಂಗೆಗೆ ಬಿಟ್ಟು ಬರುತ್ತಾರೆ. ನಿಮ್ಮ ಸ್ನ್ಯಾಪ್‌ಶಾಟ್ ಮಾತ್ರ ಮೂರೂವರೆ ವರ್ಷದಿಂದ ಪೆಂಡಾಲಿನಲ್ಲೇ ಕೂತಿದೆ.

ಈ ಪತ್ರ ನನ್ನ ಹೆಂಡತಿಯೂ ಓದುತ್ತಾಳಾದ್ದರಿಂದ ಸ್ನ್ಯಾಪ್‌ಶಾಟ್ ಎಂದರೆ ಏನೆಂದು ಒಂದು ಮಾತು. ಅದು ಫೋಟೊ ಅಲ್ಲ, ಬ್ಯಾಕಪ್ ಅಂತೂ ಅಲ್ಲವೇ ಅಲ್ಲ. ನಮ್ಮ ಕಡೂರಿನ ಕಿರಾಣಿ ಅಂಗಡಿಯವನು ಉದ್ರಿ ಪುಸ್ತಕವನ್ನು ದಾರದಿಂದ ಕಟ್ಟಿಟ್ಟು, ‘ಇವತ್ತಿನಿಂದ ಇದರಲ್ಲಿ ಬರೆಯೋದಿಲ್ಲ, ಎಲ್ಲ ಚೀಟಿಯಲ್ಲಿ’ ಎಂದು ತೀರ್ಮಾನ ಮಾಡಿದ ಹಾಗೆ. ಹೊಸದೇನು ಬಂದರೂ ಚೀಟಿಗೆ. ಎಡವಟ್ಟಾದರೆ ಚೀಟಿ ಹರಿದು ಬಿಸಾಕಿ ಹಳೇ ಪುಸ್ತಕಕ್ಕೆ ಮರಳಬಹುದು. ಎಡವಟ್ಟಾಗದಿದ್ದರೆ ಚೀಟಿಯದನ್ನೆಲ್ಲ ಪುಸ್ತಕಕ್ಕೆ ಏರಿಸಿ ಚೀಟಿ ಎಸೆಯಬೇಕು. ಈ ಯಂತ್ರಗಳನ್ನು ಓಡಿಸುವ ತಂತ್ರಾಂಶ ಮಾಡಿದ ವಿಎಂವೇರ್‌ನವರ ಕೈಪಿಡಿ ಹೇಳುವುದು 72 ಗಂಟೆಯ ಮೇಲೆ ಇಡಬೇಡಿ ಎಂದು. ಒಂದರ ಮೇಲೊಂದು 32ರ ತನಕ ಪೇರಿಸಬಹುದಂತೆ, ಆದರೆ ಎರಡು ಮೂರಕ್ಕೇ ನಿಲ್ಲಿಸಿ ಎಂಬ ಬುದ್ಧಿಮಾತೂ ಇದೆ. 72 ಗಂಟೆ! ಷಷ್ಠಿಯಿಂದ ದಶಮಿಗೇ ಅದಕ್ಕಿಂತ ಜಾಸ್ತಿ.

ನಿಮ್ಮ ಚೀಟಿಯ ಕಂತೆ ನಿನ್ನೆ ರಾತ್ರಿ 412 ಜಿಬಿ ಆಗಿತ್ತು. ಮೂಲ ಪುಸ್ತಕವೇ 500.

ಆ ಚೀಟಿಯ ಫೈಲಿಗೆ ಡೆಲ್ಟಾ ಎಂದು ಹೆಸರಿಟ್ಟವನಿಗೆ ಬಂಗಾಳ ಗೊತ್ತಿತ್ತೇನೋ. ಇಡೀ ಊರೇ ಡೆಲ್ಟಾ. ನಾನು ಕೂತಿರುವ ಈ ಸಾಲ್ಟ್ ಲೇಕ್ ಹೆಸರಿಗೆ ತಕ್ಕಂತೆ ಉಪ್ಪುನೀರಿನ ಜೌಗಾಗಿತ್ತು. ಬಿಧಾನ್ ಚಂದ್ರ ರಾಯ್ ಮುಖ್ಯಮಂತ್ರಿಯಾಗಿದ್ದಾಗ, 1962ರಲ್ಲಿ, ಹೂಗ್ಲಿ ನದಿಯ ಹೂಳನ್ನು ನೀರಿನೊಂದಿಗೆ ಕೊಳವೆಯಲ್ಲಿ ತಂದು ಸುರಿಯಲು ಶುರು ಮಾಡಿದರು. ಕೆಲಸ ವಹಿಸಿಕೊಂಡದ್ದು ಯುಗೊಸ್ಲಾವಿಯಾದ ಕಂಪನಿ. ಹೂಳು ತುಂಬಿಸಿ ಊರು ಕಟ್ಟಿದ್ದು ಜಾಣತನ. ಆದರೆ ಅದೇ ಹೂಳು ಬಂದರಿಗೆ ತುಂಬಿ ಹಡಗು ಬರುವುದೇ ಕಷ್ಟವಾದಾಗ ಏನು ಮಾಡಿದರು ಗೊತ್ತೇ? ಗಂಗೆಯ ನೀರನ್ನೇ ಇತ್ತ ತಿರುಗಿಸಿ ಹೂಳು ತೊಳೆಯಲಿ ಎಂದು ಫರಕ್ಕಾದಲ್ಲಿ ಬ್ಯಾರೇಜು ಕಟ್ಟಿ 1975ರಲ್ಲಿ ಚಾಲೂ ಮಾಡಿದರು. ಹೂಳು ಪೂರ್ತಿ ಹೋಗಲಿಲ್ಲ, ಪಕ್ಕದ ದೇಶದೊಂದಿಗೆ ನೀರಿನ ಜಗಳ ಬೇರೆ. ನಿಮ್ಮ ಡೆಲ್ಟಾಕ್ಕೆ ಫರಕ್ಕಾ ಯಾರು ಸ್ವಾಮಿ? ನಾನು. ಮಾಡಿದ್ದುಣ್ಣೋ ಮಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದ್ದು ನೀವು, ಉಣ್ಣುತ್ತಿರುವುದು ನಾನು, ಅದೂ ಅಷ್ಟಮಿಯ ರಾತ್ರಿ.

ಇನ್ನೂ 99. ನೋಡಿ ಬಂದೆ.

ರಾತ್ರಿ 1:40ಕ್ಕೆ ಫೋನ್ ಬಂದಾಗ ನಾವು ಪೆಂಡಾಲಿನ ಸಾಲಿನಲ್ಲಿದ್ದೆವು. ಎರಡು ಗಂಟೆ ಕಾದು, ಇನ್ನು ಇಪ್ಪತ್ತು ಮೂವತ್ತು ಜನರಾದರೆ ದೇವಿಯ ಮುಖ ಕಾಣುವಷ್ಟು ಹತ್ತಿರ. ಮಗಳು ಹೆಗಲ ಮೇಲೆ. ‘ಹೋಗಿ, ನಿಮ್ಮ ದೇವಿ ಕರೀತಿದಾಳೆ’ ಎಂದಳು ಹೆಂಡತಿ. ಮನೆಯಿಂದಲೇ ಸರಿ ಮಾಡಬಹುದಿತ್ತಲ್ಲ ಎನ್ನಬೇಡಿ. ಮನೆಯಿಂದ ಒಳಗೆ ಬಿಡುವ ಸರ್ವರ್ ಕೂಡ ನಿಮ್ಮ ಚೀಟಿ ತುಂಬಿಹೋದ ಡಿಸ್ಕಿನ ಮೇಲೇ ಇತ್ತು. ಎಲ್ಲ ಯಂತ್ರಗಳನ್ನು ನೋಡಿಕೊಳ್ಳುವ ಯಂತ್ರವೂ ಅದೇ ಡಿಸ್ಕಿನ ಮೇಲೆ. ಬೀಗದಕೈ ಪೆಟ್ಟಿಗೆಯೊಳಗೆ. (ಹಾಗೆ ಜೋಡಿಸಿದ್ದು ಯಾರು ಎಂಬ ಪ್ರಶ್ನೆಗೆ ಬೇರೆ ಕಾಗದ ಬೇಕು. ಅದರಲ್ಲಿ ನನ್ನ ಹೆಸರೂ ಬರುವ ಸಂಭವ ಇರುವುದರಿಂದ ಸದ್ಯಕ್ಕೆ ಬಿಡಿ.) ಟ್ಯಾಕ್ಸಿ ಇಲ್ಲ, ಆಟೊ ಇಲ್ಲ. ಹೊಸ ಚಪ್ಪಲಿಯಲ್ಲಿ ಕಾಲಿಗೆ ಬೊಬ್ಬೆ ಬರಿಸಿಕೊಂಡು ಸೆಕ್ಟರ್ ಫೈವ್‌ವರೆಗೆ ನಡೆದೆ.

ಆದದ್ದು ಇಷ್ಟು: 400 ಜನಕ್ಕೆ ಅಕ್ಕಿ ಇಟ್ಟುಕೊಂಡು 700 ಜನಕ್ಕೆ ಲಗ್ನಪತ್ರಿಕೆ ಕೊಡುವಂತೆ ಡಿಸ್ಕಿನ ಜಾಗ ಹಂಚುವುದು ನಮ್ಮ ಕಸುಬಿನಲ್ಲಿ ಮಾಮೂಲು. ಎಲ್ಲರೂ ಒಟ್ಟಿಗೆ ಉಣ್ಣಲು ಬರುವುದಿಲ್ಲ ಎಂಬ ಧೈರ್ಯ. ನಿಮ್ಮ ಸ್ನ್ಯಾಪ್‌ಶಾಟ್ ಒಂದೇ ಪಂಕ್ತಿಯಲ್ಲಿ ಕೂತು ಹಂಡೆ ಬರಿದು ಮಾಡಿತು. ಜಾಗ ಕೇಳಿದ ಯಂತ್ರಗಳೆಲ್ಲ ಕೇಳಿದಲ್ಲೇ ನಿಂತವು. ಪರದೆ ತುಂಬ ಒಂದೇ ಪ್ರಶ್ನೆ: ಡಿಸ್ಕಿನಲ್ಲಿ ಜಾಗವಿಲ್ಲ, ಮತ್ತೆ ಪ್ರಯತ್ನಿಸಲೋ ಬಿಟ್ಟುಬಿಡಲೋ? ಏನು ಸೌಜನ್ಯ!

ಜಾಗ ಎಲ್ಲಿಂದ ತರಲಿ? ಓಡುವ ಪ್ರತಿ ಯಂತ್ರವೂ ಸಾಮಾನ್ಯವಾಗಿ ತನ್ನ ಮೆಮೊರಿಯಷ್ಟೇ ಗಾತ್ರದ ಸ್ವ್ಯಾಪ್ ಫೈಲನ್ನು ಡಿಸ್ಕಿನ ಮೇಲೆ ಟವೆಲ್ ಹಾಸಿ ಸೀಟು ಹಿಡಿದಂತೆ ಹಿಡಿದಿರುತ್ತದೆ. ಯಂತ್ರ ಆರಿಸಿದರೆ ಟವೆಲ್ ಹೋಗುತ್ತದೆ. ಯಾರೂ ಬಳಸದ ಒಂದು ಪರೀಕ್ಷಾ ಸರ್ವರ್ ಆರಿಸಿದೆ. 64 ಜಿಬಿ ಸಿಕ್ಕಿತು, ನಿಂತ ಯಂತ್ರಗಳು ಮತ್ತೆ ಹೊರಟವು. ಇಂಥ ಸಣ್ಣ ಖುಷಿಗಳನ್ನು ಹಂಚಿಕೊಳ್ಳಲು ರಾತ್ರಿ ಮೂರು ಗಂಟೆಗೆ ಯಾರೂ ಇರುವುದಿಲ್ಲ. ಕಾವಲುಗಾರನಿಗೆ ಹೇಳಿದೆ. ಅವನು ‘ಭಾಲೋ, ದಾದಾ’ ಎಂದು ತನ್ನ ಮಂಕಿಕ್ಯಾಪ್ ತೆಗೆದು ಕೊಟ್ಟ. ‘ಠಾಂಡಾ ಲೇಗೇ ಜಾಬೇ’ – ಶೀತ ಹಿಡಿಯುತ್ತದೆ ಎಂದು. ಸರ್ವರ್ ಕೋಣೆಯಲ್ಲಿ 18 ಡಿಗ್ರಿ. ಹತ್ತು ವರ್ಷದಿಂದ ಬಂಗಾಳಿಗಳ ಮಂಕಿಕ್ಯಾಪನ್ನು ಗೇಲಿ ಮಾಡಿಕೊಂಡು ಬಂದವನು ಈಗ ಅದನ್ನೇ ತೊಟ್ಟು ಕೂತಿದ್ದೇನೆ. ಇದನ್ನೂ ನಿಮ್ಮ ಲೆಕ್ಕಕ್ಕೇ ಬರೆದುಕೊಳ್ಳಿ.

3:15ಕ್ಕೆ ನಿಮ್ಮ ಸ್ನ್ಯಾಪ್‌ಶಾಟ್ ಅಳಿಸಲು, ಅಂದರೆ ಚೀಟಿ ಪುಸ್ತಕಕ್ಕೆ ಏರಿಸಲು, ಕೊಟ್ಟೆ. ಮೂಲ ಡಿಸ್ಕ್ ತನ್ನ ಪೂರಾ ಜಾಗ ಮೊದಲೇ ಹಿಡಿದಿಟ್ಟ ಜಾತಿಯದು, ಪುಣ್ಯಕ್ಕೆ ಹಿಗ್ಗುವ ಭಯವಿಲ್ಲ. ಸರ್ವರ್ ನಿಲ್ಲಿಸಿ ಮಾಡಿದ್ದರೆ ಬೇಗ ಮುಗಿಯುತ್ತಿತ್ತು. ನಿಲ್ಲಿಸಲು ಒಪ್ಪಿಗೆ ಕೊಡಬೇಕಾದವರು ಪುರಿಗೆ ಹೋಗಿದ್ದಾರೆ. ಬಂಗಾಳಿಗಳ ರಜೆಗೆ ‘ದೀಪುದಾ’ ಎಂದೇ ಹೆಸರು – ದೀಘಾ, ಪುರಿ, ದಾರ್ಜಿಲಿಂಗ್. ಫೋನಿನಲ್ಲಿ ಸಮುದ್ರ ಮೊರೆಯುತ್ತಿತ್ತು. ‘ನಿಲ್ಲಿಸಬೇಡಿ, ಕ್ಲೈಂಟ್ ಬಳಸ್ತಿದಾರೆ’ ಎಂದರು. ಸರಿ, ಅಂಗಡಿ ತೆರೆದಿಟ್ಟುಕೊಂಡೇ ಚೀಟಿ ಏರಿಸುತ್ತಿದ್ದೇನೆ. ಆರು ಗಂಟೆಗೆ ಅವರೇ ಮತ್ತೆ, ‘99ರಲ್ಲಿ ನಿಂತಿದೆಯಾ? ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿದ್ರಾ?’

ಇಲ್ಲಿ ನನಗೆ ವ್ಯಂಗ್ಯ ಸಾಕಾಯಿತು. ಅದನ್ನು ಯಾರೂ ಮುಟ್ಟಬಾರದು. ಅರ್ಧ ಏರಿಸಿದ ಪುಸ್ತಕ ಕಸಿದುಕೊಂಡರೆ ಪುಸ್ತಕವೂ ಇಲ್ಲ, ಚೀಟಿಯೂ ಇಲ್ಲ. ಮುಟ್ಟಿದವರ ಕೈ ಮುರಿಯುತ್ತೇನೆ ಎಂದುಬಿಟ್ಟೆ, ಕನ್ನಡದಲ್ಲಿ. ಅವರಿಗೆ ಅರ್ಥವಾಯಿತು.

ಪಟ್ಟಿ ನೋಡುತ್ತ ಕೂತವನಿಗೆ ನೆನಪಾಯಿತು: 1955ರಲ್ಲಿ ಇದೇ ಊರಿನ ಬರಾನಗರಕ್ಕೆ, ಮಹಲನೋಬಿಸರ ಸಂಖ್ಯಾಶಾಸ್ತ್ರ ಸಂಸ್ಥೆಗೆ, ಇಂಗ್ಲೆಂಡಿನಿಂದ ಎಚ್‌ಇಸಿ-2ಎಂ ಬಂತು. ದೇಶದ ಮೊದಲ ಡಿಜಿಟಲ್ ಕಂಪ್ಯೂಟರು. ಅದರ ನೆನಪಿನ ಶಕ್ತಿ 1024 ಪದ. ಅಲ್ಲಿ ‘ಅಳಿಸಬೇಡಿ’ ಎಂದು ಬರೆಯಲಿಕ್ಕೂ ಜಾಗವಿರಲಿಲ್ಲ, ಪುಣ್ಯಾತ್ಮರು.

ಒಂದು ಗುಟ್ಟು. ಐದು ಗಂಟೆಗೆ ನನಗೇ ಅನುಮಾನ ಬಂತು, ಇದು ನಾನೇ ಮಾಡಿದ್ದಿರಬಹುದೇ ಎಂದು. ಬೆವೆತೆ, 18 ಡಿಗ್ರಿಯಲ್ಲಿ. ಹಳೇ ಮೇಲ್ ಕೆದಕಿ ರೈಲಿನ ಟಿಕೆಟ್ ಹುಡುಕಿದೆ. ಸ್ನ್ಯಾಪ್‌ಶಾಟ್ ತೆಗೆದ ಆ ರಾತ್ರಿ ನಾದಿನಿಯ ಮದುವೆಗೆಂದು ಹೌರಾ–ಬೆಂಗಳೂರು ದುರಂತೊದ ಮೇಲಿನ ಬರ್ತಿನಲ್ಲಿದ್ದೆ. ಬಂಗಾಳಿಯಲ್ಲಿ ದುರಂತೊ ಅಂದರೆ ಕೂತಲ್ಲಿ ಕೂರದ ಚುರುಕು. ನಮ್ಮಲ್ಲಿ ಏನೆಂದು ನಿಮಗೆ ಹೇಳಬೇಕೇ? ನಾನು ಚುರುಕಿನಲ್ಲಿದ್ದೆ, ದುರಂತ ಇಲ್ಲಿ ನಡೆಯಿತು. ಟಿಕೆಟ್ಟಿನ ಪ್ರಿಂಟ್ ತೆಗೆದು ಈ ಪತ್ರಕ್ಕೆ ಲಗತ್ತಿಸಿದ್ದೇನೆ.

10:20. ಮುಗಿಯಿತು. ಸದ್ದಿಲ್ಲ, ಗಂಟೆ ಹೊಡೆಯಲಿಲ್ಲ. ನೀಲಿ ಪಟ್ಟಿ ಇದ್ದ ಜಾಗದಲ್ಲಿ ಒಂದು ಹಸಿರು ಗುರುತು, ಅಷ್ಟೆ. ಕೆಳಗೆ ಹೋಗಿ ಒಂದು ಭಾಂಡ್ ಚಹಾ ಕುಡಿದೆ. ಮಣ್ಣಿನ ಲೋಟವನ್ನು ಕುಡಿದ ಮೇಲೆ ಒಡೆದು ಎಸೆಯುವವರ ಊರಿನಲ್ಲಿ ನೀವು ಇದ್ದಿರಿ ಎಂಬುದೇ ನನಗೆ ನಂಬಲಾಗುತ್ತಿಲ್ಲ.

ಮೇಲೆ ಬಂದು 72 ಗಂಟೆ ಮೀರಿದವೆಲ್ಲದರ ಪಟ್ಟಿ ತೆಗೆದೆ. ಇನ್ನೂ 16 ಇವೆ. ಹನ್ನೊಂದು ಟೆಂಪರರಿ, ನಾಲ್ಕು ಡು ನಾಟ್ ಡಿಲೀಟ್, ಒಂದರ ಹೆಸರು ಬರೀ ‘ಎಎಎ’. ಪಟ್ಟಿಯನ್ನು ಸರ್ವರ್ ಕೋಣೆಯ ಬಾಗಿಲಿಗೆ ಅಂಟಿಸಿದ್ದೇನೆ. ನಿಮ್ಮದಿದ್ದರೆ ಮುಂದೆ ಹೆಸರು ಬರೆಯಿರಿ. ಹೆಸರಿಲ್ಲದವು ನಾಳೆ ದಶಮಿಯ ಸಂಜೆ ವಿಸರ್ಜನೆ. ಢಾಕು ಬಾರಿಸುವವರು ಬೇಕಿದ್ದರೆ ನೀವೇ ಕರೆದುಕೊಂಡು ಬನ್ನಿ.

ಇಂತಿ,
ಮಂಕಿಕ್ಯಾಪ್ ಹಿಂದಿರುಗಿಸಲು ಹೊರಟಿರುವ
ನಿಮ್ಮ ಫರಕ್ಕಾ